ಸಾಮಿಲ್ ಊರಿನಲ್ಲಿ ಮುತ್ತಜ್ಜನ ಜಾಡು ಹಿಡಿಯುವುದು ಹೇಗೆ?

ಕೆನಡಾದ ಪಶ್ಚಿಮ ತುದಿಯ ಬ್ರಿಟಿಷ್ ಕೊಲಂಬಿಯಾದಲ್ಲಿ ನೂರು ವರ್ಷಗಳ ಹಿಂದೆ ಸಾಮಿಲ್‌ಗಳಿದ್ದ ಊರುಗಳಲ್ಲಿ ಪಂಜಾಬಿನ ಕಾರ್ಮಿಕರು ಸಾಮಾನ್ಯವಾಗಿ ಕಾಣಸಿಗುತ್ತಿದ್ದರು. 1904ರಿಂದ 1908ರ ನಡುವೆ ಸುಮಾರು ಐದು ಸಾವಿರ ಮಂದಿ ಅಲ್ಲಿಗೆ ಬಂದಿಳಿದರು. ಹೆಚ್ಚಿನವರು ಸಿಖ್ಖರು, ಜಲಂಧರ್ ಮತ್ತು ಹೋಶಿಯಾರ್‌ಪುರ ಜಿಲ್ಲೆಗಳ ಒಕ್ಕಲು ಮನೆತನದ ಗಂಡಸರು. ಅವರ ಮರಿಮಕ್ಕಳು ಇಂದು ವಂಶಾವಳಿ ಹುಡುಕಲು ಕುಳಿತರೆ ಮೊದಲ ಹೆಜ್ಜೆಯಲ್ಲೇ ಮುಗ್ಗರಿಸುತ್ತಾರೆ. ಕಂಪ್ಯೂಟರ್ ಹೆಸರು ಕೇಳುತ್ತದೆ. ಇವರ ಬಳಿ ಇರುವ ಹೆಸರು ‘ಸಿಂಗ್’. ಅದನ್ನು ಒತ್ತಿದರೆ ಸಾವಿರಾರು ಸಿಂಗ್‌ಗಳು ಸಾಲುಗಟ್ಟಿ ನಿಲ್ಲುತ್ತಾರೆ.

ಹಾಗಾಗಿ ಹೆಸರನ್ನು ಪಕ್ಕಕ್ಕಿಟ್ಟು ಮಿಲ್ಲನ್ನು ಹಿಡಿಯಿರಿ. ಯಾವ ಮಿಲ್, ಯಾವ ವರ್ಷ, ಪಕ್ಕದ ಮಂಚದಲ್ಲಿ ಮಲಗುತ್ತಿದ್ದವರು ಯಾರು ಎಂಬಷ್ಟು ಗೊತ್ತಾದರೆ ಹೆಸರು ತಾನಾಗಿ ಬರುತ್ತದೆ. ಇಲ್ಲಿ ವ್ಯಾಂಕೂವರ್ ದ್ವೀಪದ ಕೋವಿಚನ್ ಕಣಿವೆಯಲ್ಲಿರುವ ಪಾಲ್ದಿ ಎಂಬ ಊರನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಹೋಶಿಯಾರ್‌ಪುರದ ಪಾಲ್ದಿಯಿಂದ 1906ರಲ್ಲಿ ಬಂದ ಮೇಯೊ ಸಿಂಗ್ 1917ರಲ್ಲಿ ಇಲ್ಲಿ ಮಿಲ್ ಹೂಡಿದರು. ಅದರ ಸುತ್ತ ಬೆಳೆದ ಊರಿದು.

ಮೊದಲು ಮನೆಯಲ್ಲಿ ಕೇಳಿ

‘ಮುತ್ತಜ್ಜನ ಪೂರ್ತಿ ಹೆಸರೇನು?’ ಎಂದರೆ ಹಿರಿಯರು ತಡವರಿಸುತ್ತಾರೆ. ‘ಅವರು ಯಾವ ಮಿಲ್ಲಿನಲ್ಲಿದ್ದರು? ಅಲ್ಲಿ ಅಡುಗೆ ಮಾಡುತ್ತಿದ್ದವರು ಯಾರು? ಊರಿನಿಂದ ಜೊತೆಯಲ್ಲಿ ಬಂದವರು ಯಾರ್‍ಯಾರು?’ ಎಂದು ಕೇಳಿ ನೋಡಿ, ಮಾತು ಬಿಚ್ಚಿಕೊಳ್ಳುತ್ತದೆ. ಮೊಬೈಲ್‌ನಲ್ಲಿ ಧ್ವನಿಮುದ್ರಣ ಮಾಡಿಕೊಳ್ಳಿ. ನಡುವೆ ಬಾಯಿ ಹಾಕಬೇಡಿ. ತಪ್ಪು ಇಸವಿ ಹೇಳಿದರೂ ಆಗ ತಿದ್ದಬೇಡಿ.

ಟ್ರಂಕಿನಲ್ಲಿ ಹಳೆಯ ಕಾಗದಗಳಿದ್ದರೆ ಲಕೋಟೆಯನ್ನೂ ಎತ್ತಿಡಿ. ಪಂಜಾಬಿನ ವಿಳಾಸದಲ್ಲಿ ಹಳ್ಳಿ, ಅಂಚೆ ಕಚೇರಿ, ತಹಸೀಲು, ಜಿಲ್ಲೆ ಒಟ್ಟಿಗೇ ಇರುತ್ತವೆ, ಮತ್ತು ಕೊನೆಯ ಹಂತದಲ್ಲಿ ಅವು ನಾಲ್ಕೂ ಬೇಕಾಗುತ್ತವೆ. ಗೋತ್ರದಂತೆ ಬಳಸುವ ಕುಲದ ಹೆಸರನ್ನು ಮರೆಯದೆ ಕೇಳಿ. ಕೆನಡಾದ ಕಚೇರಿಗಳು ಬಹುಕಾಲ ಅದನ್ನು ಬಿಟ್ಟು ‘ಸಿಂಗ್’ ಒಂದನ್ನೇ ಮನೆಹೆಸರೆಂದು ಬರೆದುಕೊಂಡವು. ಮುಂದಿನ ತಲೆಮಾರುಗಳು ಕುಲದ ಹೆಸರನ್ನೋ ಊರ ಹೆಸರನ್ನೋ ಮತ್ತೆ ಹಿಡಿದವು. ಮೇಯೊ ಸಿಂಗ್ ಅವರ ಕುಲನಾಮ ಮನ್ಹಾಸ್, ಅವರ ಪಾಲುದಾರ ಕಪೂರ್ ಸಿಂಗ್ ಅವರದು ಸಿದ್ಧೂ. ಆದರೆ 1920ರ ದಶಕದ ಕಾಗದಗಳಲ್ಲಿ ಇಬ್ಬರೂ ಬರಿಯ ಸಿಂಗ್.

ಜನಗಣತಿಯಲ್ಲಿ ಇಡೀ ಕೊಠಡಿಯನ್ನು ಓದಿ

ಕೆನಡಾದಲ್ಲಿ ಜನಗಣತಿಯ ಹಾಳೆಗಳು 92 ವರ್ಷಗಳ ನಂತರ ಸಾರ್ವಜನಿಕರ ಕೈಗೆ ಬರುತ್ತವೆ. 1931ರ ಗಣತಿ 2023ರ ಜೂನ್‌ನಲ್ಲಿ ತೆರೆಯಿತು. ಮುಂದಿನದಕ್ಕೆ 2033ರವರೆಗೆ ಕಾಯಬೇಕು. ಒಟ್ಟಾವಾದ ‘ಲೈಬ್ರರಿ ಆ್ಯಂಡ್ ಆರ್ಕೈವ್ಸ್ ಕೆನಡಾ’ ಸಂಸ್ಥೆಯ ಜಾಲತಾಣದಲ್ಲಿ ಇವನ್ನು ಉಚಿತವಾಗಿ ನೋಡಬಹುದು. ನಿಮಗೆ ಬೇಕಾದವು 1911, 1921 ಮತ್ತು 1931.

ಹೆಸರು ಹಾಕಿ ಹುಡುಕುವ ಬದಲು ಮಿಲ್ ಇದ್ದ ಉಪಜಿಲ್ಲೆಯ ಹಾಳೆಗಳನ್ನು ಒಂದೊಂದಾಗಿ ತಿರುವಿ. ಬೇಸರದ ಕೆಲಸ, ನಿಜ. ಆದರೆ ಗಣತಿದಾರನಿಗೆ ಪಂಜಾಬಿ ಬರುತ್ತಿರಲಿಲ್ಲ, ಕಾರ್ಮಿಕನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಕಿವಿಗೆ ಬಿದ್ದದ್ದು ಕಾಗದಕ್ಕೆ ಇಳಿಯಿತು. ಅದನ್ನು ಇನ್ನೊಬ್ಬರು ಓದಿ ಸೂಚಿಯಲ್ಲಿ ಮತ್ತೆ ತಪ್ಪಾಗಿ ಬೆರಳಚ್ಚು ಮಾಡಿದರು. ಎರಡು ಸಲ ಕೆಟ್ಟ ಹೆಸರನ್ನು ಯಂತ್ರ ಹುಡುಕಿಕೊಡುವುದಿಲ್ಲ.

ಪುಟದಲ್ಲಿ ನೀವು ಕಾಣುವುದು ಇಂಥ ನೋಟ: ಬಂಕ್‌ಹೌಸ್ ಎಂದು ಕರೆಯುತ್ತಿದ್ದ ಕಾರ್ಮಿಕರ ಮಲಗುವ ಮನೆ. ಅದರಲ್ಲಿ ಒಂದರ ಕೆಳಗೊಂದು ಸಿಂಗ್‌ಗಳ ಸಾಲು. ಎಲ್ಲರ ಮುಂದೆಯೂ ಕೆಲಸ ‘ಕಾರ್ಮಿಕ, ಸಾಮಿಲ್’, ಮೂಲ ‘ಹಿಂದೂ’. ಭಾರತದಿಂದ ಬಂದವರು ಸಿಖ್ಖರಾಗಲಿ ಮುಸ್ಲಿಮರಾಗಲಿ, ಅಲ್ಲಿನ ಗುಮಾಸ್ತರ ಲೆಕ್ಕದಲ್ಲಿ ಎಲ್ಲರೂ ಹಿಂದೂಗಳೇ. ಸಾಲಿನಲ್ಲಿ ಎಲ್ಲೋ ಒಬ್ಬನ ಮುಂದೆ ‘ಅಡುಗೆಯವ’ ಎಂದಿರುತ್ತದೆ. ಅಲ್ಲಿ ನಿಲ್ಲಿ. ಒಂದೇ ಸೀಮೆಯ ಹತ್ತಿಪ್ಪತ್ತು ಜನ ಸೇರಿ ದುಡ್ಡು ಹಾಕಿ ತಮ್ಮದೇ ಅಡುಗೆಯವನನ್ನು ಇಟ್ಟುಕೊಳ್ಳುತ್ತಿದ್ದರು. ಅಂದರೆ ಆ ಅಡುಗೆಯವನ ಮೇಲೆ ಕೆಳಗೆ ಇರುವವರು ಅಣ್ಣತಮ್ಮಂದಿರು, ದಾಯಾದಿಗಳು, ಪಕ್ಕದ ಹಳ್ಳಿಯವರು ಆಗಿರುವ ಸಾಧ್ಯತೆ ಹೆಚ್ಚು. ಆ ಗುಂಪನ್ನು ಪೂರ್ತಿಯಾಗಿ ನಕಲು ಮಾಡಿಕೊಳ್ಳಿ: ಹೆಸರು, ವಯಸ್ಸು, ವಲಸೆ ಬಂದ ವರ್ಷ, ಮದುವೆಯಾಗಿದೆಯೇ ಇಲ್ಲವೇ. ಹತ್ತು ವರ್ಷಗಳ ನಂತರದ ಗಣತಿಯಲ್ಲಿ ಅದೇ ಗುಂಪಿನ ನಾಲ್ಕೈದು ಮಂದಿ ಬೇರೆ ಮಿಲ್ಲಿನಲ್ಲಿ ಒಟ್ಟಿಗೆ ಸಿಕ್ಕರೆ, ನಿಮ್ಮವರೂ ಅಲ್ಲೇ ಇರಬಹುದು, ಬೇರೆ ಕಾಗುಣಿತದಲ್ಲಿ.

ವಯಸ್ಸನ್ನು ಮಾತ್ರ ನಂಬಬೇಡಿ. 30, 35, 40 ಎಂಬ ದುಂಡು ಸಂಖ್ಯೆಗಳೇ ಹೆಚ್ಚು. ನಾಲ್ಕೈದು ವರ್ಷ ಹಿಂದೆ ಮುಂದೆ ಹಿಡಿದು ಲೆಕ್ಕ ಹಾಕಿ. ‘ವಿವಾಹಿತ’ ಎಂದಿದ್ದು ಪಕ್ಕದಲ್ಲಿ ಹೆಂಡತಿಯ ಹೆಸರಿಲ್ಲದಿದ್ದರೆ ಅದು ಗಣತಿದಾರನ ತಪ್ಪಲ್ಲ. ಹೆಂಡತಿ ಪಂಜಾಬಿನಲ್ಲಿದ್ದಳು.

ಊರಿನ ಹೆಸರಲ್ಲೂ ಒಂದು ತೊಡಕಿದೆ. ಪಾಲ್ದಿಗೆ ಆ ಹೆಸರು ಬಂದದ್ದು 1936ರಲ್ಲಿ. ಅದಕ್ಕೂ ಮೊದಲು ಅದು ‘ಮೇಯೊ’. ದೂರದ ಯೂಕಾನ್ ಪ್ರದೇಶದಲ್ಲೂ ಒಂದು ಮೇಯೊ ಇದ್ದು, ಪತ್ರಗಳು ಅದಲುಬದಲಾಗುತ್ತಿದ್ದುದರಿಂದ ಹೆಸರು ಬದಲಾಯಿತು. ಹಳೆಯ ದಾಖಲೆಗಳನ್ನು ಮೇಯೊ ಎಂದು ಹುಡುಕುವಾಗ ಯೂಕಾನ್‌ನ ಗಣಿ ಕಾರ್ಮಿಕರೂ ಬರುತ್ತಾರೆ, ಅವರನ್ನು ಬೇರ್ಪಡಿಸಿ.

ಹಡಗಿನ ಪಟ್ಟಿ

1908ರ ಜನವರಿಯಲ್ಲಿ ಕೆನಡಾ ಸರ್ಕಾರ ಹೊಸ ಆಜ್ಞೆ ಹೊರಡಿಸಿತು: ತಾಯ್ನಾಡಿನಿಂದ ಎಲ್ಲೂ ಇಳಿಯದೆ ನೇರ ಪ್ರಯಾಣದಲ್ಲಿ ಬಂದವರಿಗೆ ಮಾತ್ರ ಪ್ರವೇಶ. ಭಾರತದಿಂದ ಅಂಥ ನೇರ ಹಡಗೇ ಇರಲಿಲ್ಲ. ಜೊತೆಗೆ ಏಷ್ಯಾದವರ ಕೈಯಲ್ಲಿ 200 ಡಾಲರ್ ಇರಬೇಕೆಂಬ ಷರತ್ತು. 1914ರಲ್ಲಿ ಪಂಜಾಬಿ ಪ್ರಯಾಣಿಕರನ್ನು ಹೊತ್ತು ಬಂದ ಕೊಮಗಾಟಾ ಮಾರು ಹಡಗನ್ನು ವ್ಯಾಂಕೂವರ್ ಬಂದರಿನಿಂದ ಹಿಂದಕ್ಕೆ ಅಟ್ಟಿದ್ದು ಈ ಕಾನೂನುಗಳ ಬಲದಿಂದಲೇ. ಹುಡುಕುವವರಿಗೆ ಇದರಿಂದ ಒಂದು ಅನುಕೂಲವಿದೆ: ಮೊದಲ ಆಗಮನವನ್ನು 1904–1908ರ ಕಿರಿದಾದ ಕಿಂಡಿಯಲ್ಲೇ ಹುಡುಕಬಹುದು. ಹೆಚ್ಚಿನವರು ಕಲ್ಕತ್ತೆಯಿಂದ ಹಾಂಗ್‌ಕಾಂಗ್‌ಗೆ ಹೋಗಿ, ಅಲ್ಲಿಂದ ಕೆನಡಿಯನ್ ಪೆಸಿಫಿಕ್ ಕಂಪನಿಯ ಹಡಗು ಹತ್ತಿದರು. ವಿಕ್ಟೋರಿಯಾ ಮತ್ತು ವ್ಯಾಂಕೂವರ್ ಎರಡೂ ಬಂದರುಗಳ ಪಟ್ಟಿ ನೋಡಿ. 1908ರ ನಂತರ ಹೆಸರು ಸಿಕ್ಕರೆ ಅದು ಬಹುಮಟ್ಟಿಗೆ ಊರಿಗೆ ಹೋಗಿ ಮರಳಿದವರದು.

ಅಮೆರಿಕದ ಗಡಿಯ ದಾಖಲೆಗಳನ್ನೂ ಬಿಡಬೇಡಿ. ಮಿಲ್ ಕೆಲಸದವರು ಗಡಿಯ ಎರಡೂ ಬದಿ ಓಡಾಡುತ್ತಿದ್ದರು. 1907ರ ಸೆಪ್ಟೆಂಬರ್‌ನಲ್ಲಿ ವಾಷಿಂಗ್ಟನ್ ರಾಜ್ಯದ ಬೆಲಿಂಗ್‌ಹ್ಯಾಮ್‌ನಲ್ಲಿ ಬಿಳಿಯರ ಗುಂಪು ಭಾರತೀಯ ಮಿಲ್ ಕಾರ್ಮಿಕರನ್ನು ಬಡಿದು ಓಡಿಸಿದಾಗ ಹಲವರು ಕೆನಡಾಕ್ಕೆ ಬಂದರು, ಕೆಲವರು ದಕ್ಷಿಣಕ್ಕೆ ಹೋದರು. ಕೆನಡಾದಲ್ಲಿ 1911ರಲ್ಲಿ ಸುಮಾರು 2,300 ಇದ್ದ ಭಾರತೀಯರು 1921ರ ಹೊತ್ತಿಗೆ ಸಾವಿರದ ಆಸುಪಾಸಿಗೆ ಇಳಿದರು. ನಿಮ್ಮ ಹಿರಿಯರು ಎರಡನೆಯ ಗಣತಿಯಲ್ಲಿ ಸಿಗದಿದ್ದರೆ ಸತ್ತರೆಂದುಕೊಳ್ಳಬೇಡಿ. ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಹುಡುಕಿ.

ಪೌರತ್ವದ ಕಡತವನ್ನು ಹುಡುಕುತ್ತ ಸಮಯ ಹಾಳುಮಾಡಿಕೊಳ್ಳಬೇಡಿ. ಯುರೋಪಿನ ವಲಸಿಗರ ವಂಶಾವಳಿಯಲ್ಲಿ ಪೌರತ್ವ ಪಡೆದವರ ಪಟ್ಟಿ ದೊಡ್ಡ ಆಧಾರ. ಆದರೆ ಭಾರತೀಯರು ಆಗಲೇ ಬ್ರಿಟಿಷ್ ಪ್ರಜೆಗಳಾಗಿದ್ದುದರಿಂದ ಆ ಪಟ್ಟಿಗೆ ಸೇರುವ ಅಗತ್ಯವೇ ಇರಲಿಲ್ಲ. ಮತದಾರರ ಪಟ್ಟಿಯೂ ಅಷ್ಟೇ: ಪ್ರಜೆಗಳಾಗಿದ್ದರೂ 1947ರವರೆಗೆ ಬ್ರಿಟಿಷ್ ಕೊಲಂಬಿಯಾದಲ್ಲಿ ಅವರಿಗೆ ಮತವಿರಲಿಲ್ಲ.

ಜನನ, ಮದುವೆ, ಮರಣ

ಪ್ರಾಂತೀಯ ದಾಖಲೆಗಳು ವಿಕ್ಟೋರಿಯಾದ ರಾಯಲ್ ಬಿ.ಸಿ. ಮ್ಯೂಸಿಯಂನ ಜಾಲತಾಣದಲ್ಲಿವೆ. ಜನನ ದಾಖಲೆ 120 ವರ್ಷಕ್ಕೆ, ಮದುವೆಯದು 75ಕ್ಕೆ, ಮರಣದ್ದು 20 ವರ್ಷಕ್ಕೆ ತೆರೆಯುತ್ತದೆ. ಹಾಗಾಗಿ ಅಲ್ಲೇ ಹುಟ್ಟಿದ ಎರಡನೆಯ ತಲೆಮಾರಿನ ಜನನ ದಾಖಲೆ ಇನ್ನೂ ಮುಚ್ಚಿದೆ. ನೇರ ಸಂಬಂಧಿಗಳು ಅರ್ಜಿ ಹಾಕಿ ಪಡೆಯಬೇಕು. ಹಿಂದಿನಿಂದ ಬನ್ನಿ: ಮರಣ ಮೊದಲು, ಮದುವೆ ನಂತರ. ಮರಣ ದಾಖಲೆಯಲ್ಲಿ ತಂದೆಯ ಹೆಸರು, ಕೆಲಸ, ಮಾಹಿತಿ ಕೊಟ್ಟವರ ಹೆಸರು ಇರುತ್ತವೆ. ಮಾಹಿತಿ ಕೊಟ್ಟವನು ಬಹಳ ಸಲ ಅದೇ ಬಂಕ್‌ಹೌಸಿನ ಜೊತೆಗಾರ. ಗಣತಿಯಲ್ಲಿ ಬರೆದುಕೊಂಡ ಗುಂಪಿನೊಂದಿಗೆ ತಾಳೆ ನೋಡಿ. ದಿಮ್ಮಿ ಉರುಳಿ, ಗರಗಸಕ್ಕೆ ಸಿಕ್ಕಿ ಸತ್ತವರ ವಿಚಾರಣೆಯ ಕಡತಗಳೂ ಇದೇ ಸಂಗ್ರಹದಲ್ಲಿವೆ.

ಇಲ್ಲೊಂದು ಸೂಕ್ಷ್ಮ ವಿಷಯ. 1919ರಲ್ಲಿ ಹೆಂಡತಿ ಮತ್ತು 18 ವರ್ಷದೊಳಗಿನ ಮಕ್ಕಳನ್ನು ಕರೆಸಿಕೊಳ್ಳಲು ಅನುಮತಿ ಸಿಕ್ಕಿತು. ಅಣ್ಣತಮ್ಮಂದಿರಿಗೆ, ಅವರ ಮಕ್ಕಳಿಗೆ ಇಲ್ಲ. ಆಗ ಕೆಲವರು ಅಣ್ಣನ ಮಗನನ್ನೇ ತಮ್ಮ ಮಗನೆಂದು ಬರೆಸಿದರು. ಕಾಗದದ ತಂದೆ ಬೇರೆ, ಹೆತ್ತ ತಂದೆ ಬೇರೆ. ಇದನ್ನು ಮೋಸ ಎನ್ನಲು ನನಗೆ ಮನಸ್ಸಿಲ್ಲ. ಕಾನೂನೇ ಹಾಗೆ ಮಾಡಿಸಿತು. ಹಿರಿಯರು ಈ ಪ್ರಶ್ನೆಗೆ ಇಂದಿಗೂ ಬಾಯಿ ಬಿಡದಿದ್ದರೆ ಒತ್ತಾಯಿಸಬೇಡಿ. ವಂಶವೃಕ್ಷದಲ್ಲಿ ಎರಡೂ ಗೆರೆ ಎಳೆಯಿರಿ, ಒಂದನ್ನು ಚುಕ್ಕಿಗೆರೆಯಾಗಿ. ಬದುಕಿರುವವರ ವಿವರವನ್ನು ಸಾರ್ವಜನಿಕ ಜಾಲತಾಣಕ್ಕೆ ಹಾಕಬೇಡಿ.

ಮಿಲ್, ಗುರುದ್ವಾರ, ಯೂನಿಯನ್

ಕಚೇರಿಯ ದಾಖಲೆ ಗಂಡಸಿನ ಹೆಸರು ಕೊಡುತ್ತದೆ, ಮನೆಯನ್ನು ಕೊಡುವುದಿಲ್ಲ. ಅದಕ್ಕೆ ಊರಿನೊಳಗೆ ಹೋಗಬೇಕು. ಪಾಲ್ದಿಯಲ್ಲಿ ಗುರುದ್ವಾರ ಎದ್ದದ್ದು 1919ರಲ್ಲಿ. ಪಂಜಾಬಿಗಳ ಜೊತೆ ಜಪಾನೀಯರು, ಚೀನೀಯರು, ಯುರೋಪಿಯನ್ನರು ಅಲ್ಲಿ ದುಡಿದರು. ಮಕ್ಕಳು ಒಂದೇ ಶಾಲೆಗೆ ಹೋದರು. ಶಾಲೆಯ ಗುಂಪುಚಿತ್ರ, ಗುರುದ್ವಾರದ ದೇಣಿಗೆ ಪಟ್ಟಿ, ಮದುವೆಯ ಫೋಟೊಗಳಲ್ಲಿ ಹೆಂಗಸರು ಮತ್ತು ಮಕ್ಕಳು ಮೊದಲ ಬಾರಿಗೆ ಮುಖ ತೋರಿಸುತ್ತಾರೆ. ಲೇಕ್ ಕೋವಿಚನ್‌ನ ಕಾಟ್ಜಾ ಸ್ಟೇಷನ್ ಮ್ಯೂಸಿಯಂ, ಡಂಕನ್‌ನ ಬಿ.ಸಿ. ಫಾರೆಸ್ಟ್ ಡಿಸ್ಕವರಿ ಸೆಂಟರ್‌ಗಳಿಗೆ ಬರೆಯುವಾಗ ಮಿಲ್ಲಿನ ಹೆಸರು ಮತ್ತು ವರ್ಷ ತಿಳಿಸಿ. ‘ನನ್ನ ಅಜ್ಜ ಸಿಂಗ್’ ಎಂದಷ್ಟೇ ಬರೆದರೆ ಅವರೂ ಏನು ಮಾಡಿಯಾರು?

ಆ್ಯಬಟ್ಸ್‌ಫೋರ್ಡ್ ಕಡೆಯವರಾದರೆ 1911ರ ಗುರ್ ಸಿಖ್ ಮಂದಿರಕ್ಕೆ ಹೋಗಿ. ಹತ್ತಿರದ ಮಿಲ್ಲಿನ ಮರವನ್ನು ಕಾರ್ಮಿಕರು ಬೆನ್ನ ಮೇಲೆ ಹೊತ್ತು ಗುಡ್ಡ ಹತ್ತಿಸಿ ಕಟ್ಟಿದ್ದು ಅದು. ಈಗ ಅದರಲ್ಲೇ ವಸ್ತುಸಂಗ್ರಹಾಲಯವಿದೆ. ಪಕ್ಕದ ಫ್ರೇಸರ್ ವ್ಯಾಲಿ ವಿಶ್ವವಿದ್ಯಾಲಯ ದಕ್ಷಿಣ ಏಷ್ಯನ್ನರ ಡಿಜಿಟಲ್ ಸಂಗ್ರಹ ನಡೆಸುತ್ತಿದೆ. 1940ರ ದಶಕದಲ್ಲಿ ಮಿಲ್ಲಿನಲ್ಲಿದ್ದವರಿಗೆ ಮರಗೆಲಸಗಾರರ ಯೂನಿಯನ್ನಿನ ಪತ್ರಿಕೆಗಳನ್ನು ನೋಡಿ. ದರ್ಶನ್ ಸಿಂಗ್ ಸಂಘಾ ಎಂಬ ಸಂಘಟಕರು ಮಿಲ್‌ನಿಂದ ಮಿಲ್‌ಗೆ ಹೋಗಿ ಪಂಜಾಬಿಗಳನ್ನು ಯೂನಿಯನ್ನಿಗೆ ಸೇರಿಸಿದ ಕಾಲವದು.

ಹುಡುಕುತ್ತಿರುವುದು ಪಾಲ್ದಿಯ ಜಪಾನಿ ಕುಟುಂಬವಾದರೆ ದಾರಿ ಬೇರೆ. 1942ರಲ್ಲಿ ಅವರನ್ನು ಕರಾವಳಿಯಿಂದ ಹೊರಹಾಕಿ ಆಸ್ತಿ ವಶಪಡಿಸಿಕೊಂಡ ಇಲಾಖೆಯ ಕಡತಗಳಿಂದ ಆರಂಭಿಸಿ. ಚೀನೀಯರಿಗೆ, ಚೀನಾದಿಂದ ಬಂದವರ ಮೇಲೆ ಕೆನಡಾ ಹೇರಿದ್ದ ತಲೆಗಂದಾಯದ ಪುಸ್ತಕಗಳಿವೆ.

ಬ್ರಿಟಿಷ್ ಆಳ್ವಿಕೆಯ ವಿರುದ್ಧ ಅಮೆರಿಕ, ಕೆನಡಾಗಳಲ್ಲಿದ್ದ ಭಾರತೀಯರು ಕಟ್ಟಿದ ಗದರ್ ಚಳವಳಿಯ ನಂಟಿದ್ದರೆ ನಿಮ್ಮದು ಅದೃಷ್ಟವೇ. ಬ್ರಿಟಿಷ್ ಗುಪ್ತಚರರು ತಾವು ಶಂಕಿಸಿದವರ ತಂದೆಯ ಹೆಸರು, ಹಳ್ಳಿ, ಠಾಣೆಯನ್ನೆಲ್ಲ ಬರೆದಿಟ್ಟಿದ್ದಾರೆ. ದೆಹಲಿಯ ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ್ ಪಟಲ್’ ಜಾಲತಾಣದಲ್ಲಿ ಗೃಹ ಇಲಾಖೆಯ ಇಂಥ ಕಡತಗಳು ಸಿಗುತ್ತವೆ. ಪೊಲೀಸರಷ್ಟು ಶ್ರದ್ಧೆಯಿಂದ ವಂಶಾವಳಿ ಬರೆದವರು ಕಡಿಮೆ.

ಕೊನೆಗೆ ಪಂಜಾಬ್

ಹಳ್ಳಿಯ ಹೆಸರು ಖಚಿತವಾದ ಮೇಲಷ್ಟೇ ಈ ಕಡೆ ಬನ್ನಿ. ಕಂದಾಯದ ಲೆಕ್ಕ ಇಡುವ ಪಟ್ವಾರಿಯ ದಫ್ತರದಲ್ಲಿ, ಇಲ್ಲವೇ ಜಿಲ್ಲಾ ದಾಖಲೆ ಕೊಠಡಿಯಲ್ಲಿ ‘ಶಜರಾ ನಸಬ್’ ಎಂಬ ಭೂಮಾಲೀಕರ ವಂಶಪಟ್ಟಿ ಇರುತ್ತದೆ. ಹಳೆಯವು ಉರ್ದುವಿನಲ್ಲಿವೆ, ಓದಬಲ್ಲವರನ್ನು ಜೊತೆಗೆ ಕರೆದೊಯ್ಯಿರಿ. ಹೊಲ ಇದ್ದವರ ಗಂಡುಮಕ್ಕಳು ಮಾತ್ರ ಅದರಲ್ಲಿ ಕಾಣುತ್ತಾರೆ.

ಹೊಲವಿಲ್ಲದವರಿಗೆ, ಇನ್ನೂ ಹಿಂದಕ್ಕೆ ಹೋಗಬೇಕೆನ್ನುವವರಿಗೆ ಹರಿದ್ವಾರವಿದೆ. ನಮ್ಮಲ್ಲಿ ಹೆಳವರು ಊರೂರಿಗೆ ಬಂದು ಮನೆತನದ ಹೆಸರುಗಳನ್ನು ಓದಿ ಹೇಳುವಂತೆ, ಅಲ್ಲಿನ ಪಂಡಾಗಳು ಎಂಬ ಪುರೋಹಿತರು ಯಾತ್ರಿಕರ ವಂಶವನ್ನು ‘ವಹಿ’ ಎಂಬ ಉದ್ದನೆಯ ಪುಸ್ತಕಗಳಲ್ಲಿ ಬರೆದಿಟ್ಟಿದ್ದಾರೆ. ವ್ಯತ್ಯಾಸವೆಂದರೆ ಇಲ್ಲಿ ನೀವೇ ಅವರ ಬಳಿಗೆ ಹೋಗಬೇಕು. ಅಸ್ಥಿ ಬಿಡಲು ಸಿಖ್ ಕುಟುಂಬಗಳೂ ಅಲ್ಲಿಗೆ ಹೋಗುತ್ತಿದ್ದವು. ಆಮೇಲೆ ಹಲವರು ಪಂಜಾಬಿನ ಕೀರತ್‌ಪುರಕ್ಕೆ ಹೋಗತೊಡಗಿದ್ದರಿಂದ ಇಪ್ಪತ್ತನೆಯ ಶತಮಾನದ ಪುಟಗಳು ಖಾಲಿ ಇರಬಹುದು. ಅನೇಕ ವಹಿಗಳ ಮೈಕ್ರೊಫಿಲ್ಮ್ ಪ್ರತಿಗಳು ವಂಶಾವಳಿ ದಾಖಲೆಗಳನ್ನು ಸಂಗ್ರಹಿಸುವ ಫ್ಯಾಮಿಲಿಸರ್ಚ್ ಸಂಸ್ಥೆಯ ಬಳಿ ಇವೆ. ಖುದ್ದಾಗಿ ಹೋದರೆ ಜಿಲ್ಲೆ, ಹಳ್ಳಿ, ಜಾತಿ ಹೇಳಿ ನಿಮ್ಮ ಸೀಮೆಯ ಪಂಡಾ ಯಾರೆಂದು ವಿಚಾರಿಸಿ. ವಹಿ ನಿಮಗಾಗಿ ಬಿಚ್ಚಿಕೊಂಡ ಮೇಲೆ ಹೊಸ ಹೆಸರುಗಳನ್ನು ಸೇರಿಸಿ ರುಜು ಹಾಕುವುದು ವಾಡಿಕೆ. ಕೆನಡಾದಲ್ಲಿ ಹುಟ್ಟಿದವರ ಪಟ್ಟಿಯನ್ನು ಮೊದಲೇ ಬರೆದುಕೊಂಡು ಹೋಗಿ, ಸೊಸೆಯಂದಿರ ಮತ್ತು ಹೆಣ್ಣುಮಕ್ಕಳ ಹೆಸರನ್ನೂ ಸೇರಿಸಿ. ಅವನ್ನು ನೀವಾಗಿ ಹೇಳಿ ಬರೆಸಬೇಕು.