ಸಕ್ಕರೆಯೋ, ಸಕ್ಕರೆಗೆ ಬದಲಿಯೋ: ನಮ್ಮ ಅಡುಗೆಮನೆಯಲ್ಲಿ ನಾನು ಕಂಡುಕೊಂಡದ್ದು

2023ರ ಫೆಬ್ರವರಿಯಲ್ಲಿ ನನ್ನ ರಕ್ತಪರೀಕ್ಷೆಯ ವರದಿಯಲ್ಲಿ ಎಚ್‌ಬಿಎ1ಸಿ 6.1 ಎಂದು ಬಂದಿತ್ತು. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಸೂಚಿಸುವ ಈ ಅಂಕಿ 5.7ರಿಂದ 6.4ರೊಳಗೆ ಇದ್ದರೆ ಅದನ್ನು ಮಧುಮೇಹದ ಪೂರ್ವಸ್ಥಿತಿ ಎನ್ನುತ್ತಾರೆ, 6.5 ಮುಟ್ಟಿದರೆ ಮಧುಮೇಹ. ವೈದ್ಯರು ಮಾತ್ರೆ ಬರೆಯಲಿಲ್ಲ. ದಿನವೂ ನಡೆಯಬೇಕು, ಅನ್ನ ಮತ್ತು ಸಿಹಿ ಕಡಿಮೆ ಮಾಡಬೇಕು, ಆರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಬೇಕು ಎಂದು ಹೇಳಿ ಕಳುಹಿಸಿದರು. ಆಗ ನನಗೆ 49 ವರ್ಷ. ನನ್ನ ಅಣ್ಣ ಹನ್ನೆರಡು ವರ್ಷಗಳಿಂದ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದುದರಿಂದ ಆ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವಂತಿರಲಿಲ್ಲ.

ಸಿಹಿ ಬಿಡುವುದು ನನ್ನಂಥವಳಿಗೆ ಸುಲಭವೂ ಆಗಿರಲಿಲ್ಲ. ನನ್ನ ತವರು ಮಂಡ್ಯದ ಕಡೆಯ ಹಳ್ಳಿ. ಅಪ್ಪ ಕಬ್ಬು ಬೆಳೆಯುತ್ತಿದ್ದರು. 1933ರಲ್ಲಿ ಆರಂಭವಾದ ಮಂಡ್ಯದ ಸಕ್ಕರೆ ಕಾರ್ಖಾನೆಗೆ ಒಂದಷ್ಟು ಕಬ್ಬು ಹೋದರೆ, ಉಳಿದದ್ದು ಊರಿನ ಆಲೆಮನೆಗೆ ಹೋಗುತ್ತಿತ್ತು. ಕೊಪ್ಪರಿಗೆಯಲ್ಲಿ ಹಾಲು ಕುದಿಯುವಾಗ ಬೆಂಡೆಗಿಡದ ಲೋಳೆ ಹಾಕಿ ಕೊಳೆ ತೆಗೆಯುವುದನ್ನೂ, ಪಾಕ ಹದಕ್ಕೆ ಬಂದಾಗ ಅಚ್ಚಿಗೆ ಸುರಿಯುವುದನ್ನೂ ನೋಡುತ್ತ, ಬಿಸಿ ಬೆಲ್ಲವನ್ನು ಎಲೆಯ ಮೇಲೆ ಹಾಕಿಸಿಕೊಂಡು ತಿನ್ನುತ್ತ ಬೆಳೆದವಳು ನಾನು. ಕಬ್ಬಿನ ಹಾಲನ್ನು ಹಾಲು ಎಂದೇ ಕರೆಯುವ ಊರಿನವರಿಗೆ ಬೆಲ್ಲವೂ ಸಕ್ಕರೆಯೂ ಒಂದು ಸಾಮಾನು ಮಾತ್ರವಲ್ಲ.

ಮೊದಲು ನಾನು ಮಾಡಿದ ಕೆಲಸ ದಿನಸಿ ಚೀಟಿಯನ್ನು ಎದುರಿಗಿಟ್ಟುಕೊಂಡು ಲೆಕ್ಕ ಹಾಕಿದ್ದು. ಮೈಸೂರಿನ ನಮ್ಮ ಮನೆಯಲ್ಲಿ ಅತ್ತೆ, ಯಜಮಾನರು, ಮಗ ಮತ್ತು ನಾನು, ಹೀಗೆ ನಾಲ್ಕು ಜನ. ತಿಂಗಳಿಗೆ ನಾಲ್ಕು ಕಿಲೋ ಸಕ್ಕರೆ ಮತ್ತು ಒಂದೂವರೆ ಕಿಲೋ ಬೆಲ್ಲ ಬರುತ್ತಿತ್ತು. ಭಾಗಿಸಿದರೆ ತಲೆಗೆ ದಿನಕ್ಕೆ ಸುಮಾರು 46 ಗ್ರಾಂ ಬಿತ್ತು. ಬೇಕರಿಯ ತಿಂಡಿ, ಬಿಸ್ಕತ್ತು, ಮದುವೆಮನೆಯ ಊಟ ಇದರಲ್ಲಿ ಸೇರಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯ ಪ್ರಕಾರ, ಹೀಗೆ ಹೊರಗಿನಿಂದ ಸೇರುವ ಸಕ್ಕರೆ ದಿನದ ಒಟ್ಟು ಶಕ್ತಿಯ ಶೇಕಡಾ 10ಕ್ಕಿಂತ ಕಡಿಮೆ ಇರಬೇಕು, ಶೇಕಡಾ 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು. 2000 ಕ್ಯಾಲೊರಿ ತಿನ್ನುವವರಿಗೆ ಅದು ಕ್ರಮವಾಗಿ 50 ಗ್ರಾಂ ಮತ್ತು 25 ಗ್ರಾಂ ಆಗುತ್ತದೆ. ಆಮೇಲೆ ತಕ್ಕಡಿಯಲ್ಲಿ ನನ್ನ ಕಾಫಿಯ ಚಮಚವನ್ನು ತೂಗಿದೆ. ಗುಡ್ಡೆಯಾಗಿ ತುಂಬಿದ ಒಂದು ಚಮಚ 6 ಗ್ರಾಂ ಬಂತು. ಲೋಟಕ್ಕೆ ಎರಡು ಚಮಚದಂತೆ ದಿನಕ್ಕೆ ಮೂರು ಲೋಟವೆಂದರೆ 36 ಗ್ರಾಂ. ಹಬ್ಬದ ಒಬ್ಬಟ್ಟಿಗೆ ಹೆದರುತ್ತಿದ್ದ ನಾನು, ಹಬ್ಬವಿಲ್ಲದ ದಿನಗಳ ಕಾಫಿಯನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಮಂಡ್ಯದ ಮಗಳಿಗೆ ಮೊದಲು ಹೊಳೆಯುವುದು ಬೆಲ್ಲವೇ. ಎರಡು ತಿಂಗಳು ಸಕ್ಕರೆಯನ್ನು ಪೂರ್ತಿ ನಿಲ್ಲಿಸಿ ಕಾಫಿಗೂ ಬೆಲ್ಲದ ಪುಡಿ ಹಾಕಿದೆ. ಕುದಿಯುವ ಹಾಲಿಗೆ ಹಾಕಿದರೆ ಒಡೆಯುತ್ತದೆ, ಆದ್ದರಿಂದ ಒಲೆಯಿಂದ ಇಳಿಸಿ ಸ್ವಲ್ಪ ಆರಿದ ಮೇಲೆ ಬೆರೆಸಬೇಕು ಎಂಬುದನ್ನು ಎರಡು ಸಲ ಹಾಲು ಹಾಳುಮಾಡಿಕೊಂಡು ಕಲಿತೆ. ತಿಂಗಳ ಕೊನೆಗೆ ಚೀಟಿ ನೋಡಿದರೆ ಸಕ್ಕರೆ ಇಳಿದಷ್ಟಕ್ಕಿಂತ ಹೆಚ್ಚು ಬೆಲ್ಲ ಏರಿತ್ತು. ಒಳ್ಳೆಯದೆಂಬ ಭರವಸೆಯಿಂದ ಕೈ ಧಾರಾಳವಾಗಿತ್ತು. ಬೆಲ್ಲದಲ್ಲಿ ಒಂದಿಷ್ಟು ಖನಿಜಾಂಶ ಉಳಿದಿರುವುದು ನಿಜ, ರುಚಿಯೂ ಬೇರೆಯೇ; ಆದರೆ ಅದರ ಬಹುಪಾಲು ಸಕ್ಕರೆಯಲ್ಲಿರುವ ಅದೇ ಸುಕ್ರೋಸ್. ರಕ್ತಕ್ಕೆ ಸೇರಿದ ಮೇಲೆ ಅದು ಆಲೆಮನೆಯಿಂದ ಬಂತೋ ಕಾರ್ಖಾನೆಯಿಂದ ಬಂತೋ ಎಂಬ ಭೇದ ಉಳಿಯುವುದಿಲ್ಲ. ಜೇನುತುಪ್ಪದ ವಿಚಾರವೂ ಹೆಚ್ಚುಕಡಿಮೆ ಇಷ್ಟೇ. ಬೆಲ್ಲವನ್ನು ನಾನು ಇಂದಿಗೂ ಪ್ರೀತಿಸುತ್ತೇನೆ, ಆದರೆ ಸಕ್ಕರೆಗೆ ಬದಲಿ ಎಂದು ಇನ್ನು ಕರೆಯಲಾರೆ.

ಏಪ್ರಿಲ್‌ನಲ್ಲಿ ಔಷಧದ ಅಂಗಡಿಯಿಂದ ಸುಕ್ರಲೋಸ್ ಎಂಬ ಕೃತಕ ಸಿಹಿಯ ಮಾತ್ರೆಗಳ ಡಬ್ಬಿಯನ್ನೂ, ಅಡುಗೆಗೆಂದು ಅದೇ ವಸ್ತುವಿನ ಪುಡಿಯನ್ನೂ ತಂದೆ. ಸುಕ್ರಲೋಸ್ ಸಕ್ಕರೆಗಿಂತ ಸುಮಾರು 600 ಪಾಲು ಸಿಹಿ, ಇಂಥದ್ದೇ ಇನ್ನೊಂದು ಕೃತಕ ಸಿಹಿಯಾದ ಆಸ್ಪರ್ಟೇಮ್ ಸುಮಾರು 200 ಪಾಲು. ಇಷ್ಟು ತೀಕ್ಷ್ಣವಾದದ್ದನ್ನು ಕೈಯಲ್ಲಿ ಅಳೆಯಲಾಗದು. ಹಾಗಾಗಿ ಪುಡಿಯ ರೂಪದಲ್ಲಿ ಮಾರುವಾಗ ಗಾತ್ರಕ್ಕೆಂದು ಮಾಲ್ಟೊಡೆಕ್ಸ್‌ಟ್ರಿನ್ ಅಥವಾ ಲ್ಯಾಕ್ಟೋಸ್ ಬೆರೆಸಿರುತ್ತಾರೆ. ಇವೂ ಪಿಷ್ಟ ಮತ್ತು ಸಕ್ಕರೆಯ ಜಾತಿಯವೇ ಆದ್ದರಿಂದ ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿಯೇ ಕೊಳ್ಳಬೇಕು. ಆಸ್ಪರ್ಟೇಮ್ ಬಿಸಿಗೆ ತನ್ನ ಸಿಹಿ ಕಳೆದುಕೊಳ್ಳುವುದರಿಂದ ಒಲೆಯ ಮೇಲಿನ ಅಡುಗೆಗೆ ಒಗ್ಗುವುದಿಲ್ಲ. ಫೀನೈಲ್‌ಕೀಟೊನ್ಯೂರಿಯ ಎಂಬ ಹುಟ್ಟಿನಿಂದಲೇ ಬರುವ ತೊಂದರೆ ಇರುವವರು ಅದನ್ನು ಮುಟ್ಟಲೇಬಾರದು.

ಸುಕ್ರಲೋಸ್ ಹಾಕಿದ ಕಾಫಿ ಕೆಟ್ಟದಾಗಿರಲಿಲ್ಲ. ಸಕ್ಕರೆಯ ಸಿಹಿ ನಾಲಗೆಯ ತುದಿಗೇ ತಗುಲಿ ಗುಟುಕಿನ ಜೊತೆ ಮುಗಿದುಹೋದರೆ, ಇದರ ಸಿಹಿ ತುಸು ತಡವಾಗಿ ಬಂದು, ಲೋಟ ತೊಳೆದಿಟ್ಟ ಮೇಲೂ ಗಂಟಲಲ್ಲಿ ಉಳಿದಿರುತ್ತಿತ್ತು. ಅತ್ತೆಯವರು ಒಂದು ಗುಟುಕು ಕುಡಿದು, “ಸಕ್ಕರೆ ಬೇಡ ಅಂದ್ರೆ ಬಿಟ್ಬಿಡವ್ವ, ಈ ಗುಳಿಗೆ ಯಾಕೆ?” ಎಂದು ಲೋಟ ಪಕ್ಕಕ್ಕಿಟ್ಟರು. ಆ ಮಾತಿನ ತೂಕ ನನಗೆ ಆಗ ತಿಳಿಯಲಿಲ್ಲ.

ಸಿಹಿ ತಿಂಡಿಗಳಲ್ಲಿ ಇದನ್ನು ಬಳಸಲು ಹೊರಟಾಗ ಸಕ್ಕರೆ ನಿಜವಾಗಿ ಏನೇನು ಕೆಲಸ ಮಾಡುತ್ತದೆ ಎಂಬುದು ಕಣ್ಣಿಗೆ ಬಿತ್ತು. ಒಂದು ಪಾವು ರವೆಗೆ ಒಂದೂವರೆ ಪಾವು ಸಕ್ಕರೆ ಹಾಕಿ ಕೇಸರಿಬಾತು ಮಾಡುತ್ತಿದ್ದವಳು, ಸುಕ್ರಲೋಸ್ ಪುಡಿ ಹಾಕಿ ಮಾಡಿದ ದಿನ ಸಿಹಿಯಾದ ಉಪ್ಪಿಟ್ಟಿನಂಥದ್ದು ತಯಾರಾಯಿತು. ಸಕ್ಕರೆ ಕರಗಿ, ಬೆಂದ ರವೆಯನ್ನು ಸಡಿಲಿಸಿ, ತೇವ ಹಿಡಿದು, ತುಪ್ಪದ ಜೊತೆ ಸೇರಿ ಆ ಹೊಳಪು ಕೊಡುತ್ತದೆ. ಅದು ಇಲ್ಲದಿದ್ದರೆ ಮುದ್ದೆ ಕಟ್ಟಿ ಆರಿದೊಡನೆ ಗಟ್ಟಿಯಾಗುತ್ತದೆ. ಮೈಸೂರು ಪಾಕಿನ ಮಾತೇ ಬೇಡ, ಎಳೆಪಾಕ ಬರಲು ಸಕ್ಕರೆಯೇ ಬೇಕು. ಒಬ್ಬಟ್ಟಿನ ಹೂರಣವೂ ಬೆಲ್ಲದ ಅಂಟಿನಿಂದಲೇ ಒಂದುಗೂಡುತ್ತದೆ. ಕ್ಯಾರೆಟ್ ಹಲ್ವ ಮತ್ತು ಶಾವಿಗೆ ಪಾಯಸ ಮಾತ್ರ ತಕ್ಕಮಟ್ಟಿಗೆ ಚೆನ್ನಾಗಿ ಬಂದವು, ಏಕೆಂದರೆ ಅವುಗಳ ಮೈ ಹಾಲಿನಿಂದಲೂ ಕ್ಯಾರೆಟ್ಟಿನಿಂದಲೂ ಆದದ್ದು, ಸಕ್ಕರೆ ಅಲ್ಲಿ ರುಚಿಗೆ ಮಾತ್ರ. ಬದಲಿ ವಸ್ತು ಎಲ್ಲಿ ಒಗ್ಗುತ್ತದೆ, ಎಲ್ಲಿ ಒಗ್ಗುವುದಿಲ್ಲ ಎಂಬುದಕ್ಕೆ ನನಗೆ ಸಿಕ್ಕ ಅಳತೆಗೋಲು ಇದೇ.

ಇದೇ ದಿನಗಳಲ್ಲಿ ನೆಂಟರೊಬ್ಬರು ನನ್ನ ಆರೋಗ್ಯದ ಕಾಳಜಿಯಿಂದ ಸಕ್ಕರೆರಹಿತ ಬರ್ಫಿಯ ಪೆಟ್ಟಿಗೆ ತಂದುಕೊಟ್ಟರು. ಭಯವಿಲ್ಲವೆಂದು ಒಂದೇ ಸಂಜೆ ಐದು ತುಂಡು ತಿಂದು ರಾತ್ರಿಯೆಲ್ಲ ಹೊಟ್ಟೆ ನುಲಿದು ಒದ್ದಾಡಿದೆ. ಪೆಟ್ಟಿಗೆಯ ಮೇಲೆ ಮಾಲ್ಟಿಟಾಲ್ ಎಂದು ಬರೆದಿತ್ತು. ಇದು ಸಕ್ಕರೆಯಂತೆ ಗಾತ್ರವನ್ನೂ ಕೊಡುವುದರಿಂದ ಮಿಠಾಯಿಗೆ ಒಗ್ಗುತ್ತದೆ, ಆದರೆ ಕರುಳು ಅದನ್ನು ಪೂರ್ತಿ ಹೀರಿಕೊಳ್ಳುವುದಿಲ್ಲ, ಹೆಚ್ಚು ತಿಂದರೆ ಭೇದಿಯಾಗುತ್ತದೆ. ಸಕ್ಕರೆಯ ಸುಮಾರು ಅರ್ಧದಷ್ಟು ಕ್ಯಾಲೊರಿಯೂ ಅದರಲ್ಲಿದೆ. ಜೊತೆಗೆ ಬರ್ಫಿಯ ಖೋವ ಮತ್ತು ತುಪ್ಪ ಎಲ್ಲಿಗೂ ಹೋಗಿರುವುದಿಲ್ಲ.

ನರ್ಸರಿಯಿಂದ ಸ್ಟೀವಿಯ ಗಿಡವನ್ನೂ ತಂದು ಕುಂಡದಲ್ಲಿ ಬೆಳೆಸಿದೆ. ಒಣಗಿಸಿದ ಎಲೆ ಸಿಹಿಯೇನೋ ಹೌದು, ಆದರೆ ಕೊನೆಯಲ್ಲಿ ಜ್ಯೇಷ್ಠಮಧುವಿನಂತೆ ಒಂದು ಕಹಿ ಉಳಿಯುತ್ತದೆ. ಕಾಫಿಗೆ ಅದು ಹೊಂದಲಿಲ್ಲ, ನಿಂಬೆ ಪಾನಕಕ್ಕೆ ಪರವಾಗಿಲ್ಲ. ನಮ್ಮ ದೇಶದಲ್ಲಿ 2015ರಲ್ಲಿ ಆಹಾರಗಳಿಗೆ ಅನುಮತಿ ಸಿಕ್ಕಿದ್ದು ಎಲೆಯಿಂದ ಶುದ್ಧೀಕರಿಸಿ ತೆಗೆದ ಸಿಹಿಯ ಅಂಶಕ್ಕೆ. ಮನೆಯ ಎಲೆಯ ಪುಡಿ ಅದೇ ಅಲ್ಲ ಎಂಬುದು ತಿಳಿದ ಮೇಲೆ ಗಿಡವನ್ನು ಅಪರೂಪಕ್ಕೆ ಮಾತ್ರ ಬಳಸುತ್ತಿದ್ದೇನೆ.

ನನ್ನ ನಿಲುವು ಬದಲಾದದ್ದು ಎರಡು ಕಾರಣಗಳಿಂದ. ಮೊದಲನೆಯದು, ಸುಕ್ರಲೋಸ್ ಹಾಕಿದ ಎರಡೂವರೆ ತಿಂಗಳಲ್ಲಿ ಸಕ್ಕರೆಯ ಡಬ್ಬ ಖಾಲಿಯಾಗುವುದು ನಿಧಾನವಾದರೂ ನನ್ನ ನಾಲಗೆ ಒಂದಿಷ್ಟೂ ಬದಲಾಗಿರಲಿಲ್ಲ. ಕಾಫಿಯಲ್ಲಿ ಉಳಿಸಿದ್ದನ್ನು ಸಂಜೆ ಬಿಸ್ಕತ್ತಿನಲ್ಲಿ ತಿನ್ನುತ್ತಿದ್ದೆ. ಉಳಿಸಿದ್ದೇನಲ್ಲ ಎಂಬ ಸಮಾಧಾನವೇ ಕೈಯನ್ನು ಡಬ್ಬದ ಕಡೆಗೆ ಒಯ್ಯುತ್ತಿತ್ತು. ಅದೇ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು, ತೂಕ ಇಳಿಸುವ ಉದ್ದೇಶದಿಂದ ಇಂಥ ಬದಲಿ ಸಿಹಿಗಳನ್ನು ಬಳಸಬೇಡಿ ಎಂಬ ಸಲಹೆ ಹೊರಡಿಸಿತು. ದೀರ್ಘಕಾಲದಲ್ಲಿ ಮೈಕೊಬ್ಬು ಇಳಿಯುವುದಕ್ಕೆ ಅವುಗಳಿಂದ ಪ್ರಯೋಜನ ಕಂಡುಬಂದಿಲ್ಲ ಎಂಬುದು ಅದರ ಸಾರ. ಆದರೆ ಈಗಾಗಲೇ ಮಧುಮೇಹ ಇರುವವರಿಗೆ ಈ ಸಲಹೆ ಅನ್ವಯಿಸುವುದಿಲ್ಲ ಎಂದೂ ಅದರಲ್ಲಿ ಸ್ಪಷ್ಟವಾಗಿತ್ತು. ಜುಲೈನಲ್ಲಿ ಆಸ್ಪರ್ಟೇಮನ್ನು ಕ್ಯಾನ್ಸರ್‌ಕಾರಕ ಆಗಿರಬಹುದಾದ ವಸ್ತುಗಳ ಗುಂಪಿಗೆ ಸೇರಿಸಿದ ಸುದ್ದಿ ಬಂದಾಗ ಎಲ್ಲರ ಮನೆಯಲ್ಲೂ ಗಾಬರಿಯಾಯಿತು. ಆ ಗುಂಪಿನ ಅರ್ಥ ಸಾಕ್ಷ್ಯ ಸೀಮಿತವಾಗಿದೆ ಎಂದಷ್ಟೇ. ದಿನಕ್ಕೆ ದೇಹತೂಕದ ಕಿಲೋಗೆ 40 ಮಿಲಿಗ್ರಾಂ ಎಂಬ ಮಿತಿಯನ್ನು ತಜ್ಞರ ಸಮಿತಿ ಬದಲಿಸಲಿಲ್ಲ, ಮತ್ತು 70 ಕಿಲೋ ತೂಕದವರು ಆ ಮಿತಿ ದಾಟಬೇಕಾದರೆ ದಿನಕ್ಕೆ 9ರಿಂದ 14 ಕ್ಯಾನ್ ಡಯಟ್ ಪಾನೀಯ ಕುಡಿಯಬೇಕಾಗುತ್ತದೆ. ನಾನು ಬದಲಿ ಸಿಹಿಯನ್ನು ಬಿಟ್ಟದ್ದು ಭಯದಿಂದಲ್ಲ. ನನಗೆ ಬೇಕಾದ ಕೆಲಸವನ್ನು ಅದು ಮಾಡಲಿಲ್ಲ, ಅದಕ್ಕೆ.

ಎರಡನೆಯ ಕಾರಣವನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ. ಜೂನ್‌ನಲ್ಲಿ ಅಣ್ಣ ನಮ್ಮ ಮನೆಯಲ್ಲಿ ಉಳಿದಿದ್ದರು. ಬೆಳಗ್ಗೆ ಇನ್ಸುಲಿನ್ ತೆಗೆದುಕೊಂಡು ತಿಂಡಿ ತಡವಾದಾಗ ಅವರ ಕೈ ನಡುಗಿ, ಮೈಯೆಲ್ಲ ಬೆವತು, ಮಾತು ತೊದಲಿತು. ಗ್ಲುಕೋಮೀಟರ್ 58 ತೋರಿಸಿತು. ನಾನು ಓಡಿಹೋಗಿ ಡಬ್ಬದಿಂದ ಮೂರು ಚಮಚ ತೆಗೆದು ನೀರಿನಲ್ಲಿ ಕದಡಿ ಕುಡಿಸಿದೆ. ಕೆಲವು ನಿಮಿಷ ಕಳೆದರೂ ಅವರು ಚೇತರಿಸಿಕೊಳ್ಳದಿದ್ದಾಗ ನೆನಪಾಯಿತು: ಸಕ್ಕರೆಯ ಡಬ್ಬಕ್ಕೆ ನಾನೇ ಸುಕ್ರಲೋಸ್ ಪುಡಿ ತುಂಬಿಸಿಟ್ಟಿದ್ದೆ. ಅತ್ತೆಯವರು ದೇವರ ಮನೆಯಲ್ಲಿ ನೈವೇದ್ಯಕ್ಕೆಂದು ಇಟ್ಟುಕೊಂಡಿದ್ದ ಸಕ್ಕರೆಯನ್ನು ತಂದು ಕೊಟ್ಟರು. ಕಾಲು ಗಂಟೆಯಲ್ಲಿ ಅಂಕಿ 96ಕ್ಕೆ ಬಂತು. ರಕ್ತದ ಸಕ್ಕರೆ ಕುಸಿದಾಗ ಬೇಕಾದದ್ದು ನಿಜವಾದ ಸಕ್ಕರೆ, ಸುಮಾರು 15 ಗ್ರಾಂ, ಅಂದರೆ ಮಟ್ಟಸವಾಗಿ ಮೂರು ಚಮಚ. ಬದಲಿ ಸಿಹಿ ನಾಲಗೆಯನ್ನು ನಂಬಿಸುತ್ತದೆ, ರಕ್ತಕ್ಕೆ ಏನನ್ನೂ ಕೊಡುವುದಿಲ್ಲ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಇರುವ ಮನೆಗಳಲ್ಲಿ ಎರಡನ್ನೂ ಬೇರೆ ಬೇರೆ ಡಬ್ಬಗಳಲ್ಲಿ, ಹೆಸರು ಬರೆದು ಇಡಿ ಎಂದು ನಾನು ಕೈಮುಗಿದು ಕೇಳುತ್ತೇನೆ.

ಜುಲೈನಿಂದ ಸಕ್ಕರೆಗೇ ಮರಳಿ, ಅದನ್ನೇ ಇಳಿಸುತ್ತ ಹೋದೆ. ಮೊದಲ ಎರಡು ವಾರ ಮಾಡಿದ್ದು ಗುಡ್ಡೆ ಚಮಚವನ್ನು ಬೆರಳಿನಿಂದ ಸವರಿ ಮಟ್ಟ ಮಾಡಿದ್ದು ಮಾತ್ರ. ಆಮೇಲೆ ಎರಡು ವಾರಕ್ಕೊಮ್ಮೆ ಕಾಲು ಚಮಚದಂತೆ ತೆಗೆದೆ. ಪ್ರತಿ ಸಲವೂ ಮೊದಲ ಮೂರು ದಿನ ಕಾಫಿ ಸಪ್ಪೆಯೆನಿಸಿ, ನಾಲ್ಕನೆಯ ದಿನ ಸರಿಹೋಗುತ್ತಿತ್ತು. ಒಂದು ಚಮಚಕ್ಕೆ ಬಂದಾಗ ಮಾತ್ರ ಮುಂದಕ್ಕೆ ಹೋಗಲಾಗದೆ ಸಿಕ್ಕಿಕೊಂಡೆ. ಅಲ್ಲಿ ತೊಂದರೆ ಸಕ್ಕರೆಯದಾಗಿರಲಿಲ್ಲ, ಡಿಕಾಕ್ಷನ್ನಿನದು. ಚಿಕೋರಿ ಹೆಚ್ಚಿದ್ದ ನಮ್ಮ ಕಾಫಿಪುಡಿಯ ಕಹಿಯೇ ಅಷ್ಟು ಸಕ್ಕರೆ ಕೇಳುತ್ತಿತ್ತು. ಪುಡಿ ಮಾಡಿಸುವಾಗ ಚಿಕೋರಿಯನ್ನು ಅರ್ಧಕ್ಕೆ ಇಳಿಸಿ, ಎರಡನೆಯ ಸಲ ಬಿಸಿನೀರು ಹುಯ್ದು ಇಳಿಸಿದ ಡಿಕಾಕ್ಷನ್ನನ್ನು ಬಿಟ್ಟು, ಮೊದಲ ಇಳಿಕೆಯದನ್ನೇ ಕಡಿಮೆ ಹಾಕಿ ಹಾಲು ಹೆಚ್ಚಿಸಿದೆ. ದಸರಾ ಬರುವ ಹೊತ್ತಿಗೆ ಅರ್ಧ ಚಮಚ ಸಾಕಾಯಿತು. ಹಾಲಿಗೆ ತನ್ನದೇ ಒಂದು ಸಿಹಿ ಇದೆ ಎಂಬುದು ಆ ವಯಸ್ಸಿನಲ್ಲಿ ನನಗೆ ಮೊದಲ ಸಲ ತಿಳಿದದ್ದು. ಅಂಗಡಿಯ ಜಾಮೂನು ಒಂದು ತಿಂದರೆ ಈಗ ಎರಡನೆಯದು ಬೇಡವೆನಿಸುತ್ತದೆ. ಇದು ನಿಗ್ರಹವಲ್ಲ, ನಾಲಗೆ ಬದಲಾದದ್ದು. “ಗುಳಿಗೆ ಯಾಕೆ” ಎಂದು ಅತ್ತೆಯವರು ಕೇಳಿದ್ದು ಸರಿಯಾಗಿತ್ತು.

ಹಬ್ಬದ ಅಡುಗೆಯಲ್ಲಿ ಬದಲಿ ವಸ್ತುವನ್ನು ಪೂರ್ತಿ ಕೈಬಿಟ್ಟಿದ್ದೇನೆ. 2024ರ ಯುಗಾದಿಗೆ ಆಲೆಮನೆಯ ಬೆಲ್ಲದಲ್ಲೇ ಒಬ್ಬಟ್ಟು ಮಾಡಿದೆ. ಬೇಳೆಯ ಸಮಕ್ಕೆ ಹಾಕುತ್ತಿದ್ದ ಬೆಲ್ಲವನ್ನು ಮುಕ್ಕಾಲಿಗೆ ಇಳಿಸಿ ಏಲಕ್ಕಿಯನ್ನು ತುಸು ಹೆಚ್ಚಿಸಿದೆ. ಹೂರಣ ಗಟ್ಟಿಯಾಗಿಯೇ ಬಂತು. ನಲವತ್ತು ಮಾಡುತ್ತಿದ್ದಲ್ಲಿ ಹದಿನೈದೇ ಮಾಡಿದ್ದರಿಂದ ಮೂರು ದಿನ ಡಬ್ಬದಿಂದ ತೆಗೆದು ತಿನ್ನುವ ಪ್ರಸಂಗ ಬರಲಿಲ್ಲ.

ಅಣ್ಣನ ವಿಷಯದಲ್ಲಿ ನನ್ನ ತೀರ್ಮಾನ ಬೇರೆ. ಅವರಿಗೆ ಸಿಹಿ ಇಲ್ಲದ ಕಾಫಿ ಸೇರುವುದಿಲ್ಲ, ಸಕ್ಕರೆ ಹಾಕಿದರೆ ಇನ್ಸುಲಿನ್ನಿನ ಲೆಕ್ಕ ತಪ್ಪುತ್ತದೆ. ಅವರ ವೈದ್ಯರ ಒಪ್ಪಿಗೆಯಿಂದ ಲೋಟಕ್ಕೆ ಒಂದು ಸುಕ್ರಲೋಸ್ ಮಾತ್ರೆ ಹಾಕಿಕೊಳ್ಳುತ್ತಾರೆ, ಮತ್ತು ಅದು ಅವರಿಗೆ ಸರಿಯಾದದ್ದೇ. 78 ವರ್ಷದ, ಸಕ್ಕರೆ ಕಾಯಿಲೆಯಿಲ್ಲದ ಅತ್ತೆಯವರ ಲೋಟದ ಒಂದು ಚಮಚವನ್ನು ನಾನು ಮುಟ್ಟಿಲ್ಲ.

ನನ್ನ ಎಚ್‌ಬಿಎ1ಸಿ ಆಗಸ್ಟ್‌ನಲ್ಲಿ 6.0 ಇದ್ದದ್ದು, ಮರುವರ್ಷ ಫೆಬ್ರವರಿಯಲ್ಲಿ 5.7ಕ್ಕೆ ಬಂತು. ತೂಕ ಮೂರು ಕಿಲೋ ಇಳಿಯಿತು. ದಿನವೂ ನಲವತ್ತು ನಿಮಿಷ ನಡೆದದ್ದೂ, ರಾತ್ರಿಯ ಅನ್ನ ಬಿಟ್ಟದ್ದೂ ಇದರಲ್ಲಿ ಸೇರಿರುವುದರಿಂದ ಇಷ್ಟನ್ನೂ ಸಕ್ಕರೆಯ ಲೆಕ್ಕಕ್ಕೆ ಬರೆಯಲಾರೆ. ಸಕ್ಕರೆಯ ಲೆಕ್ಕ ದಿನಸಿ ಚೀಟಿಯಲ್ಲಿದೆ: ತಿಂಗಳಿಗೆ ಒಂದೂವರೆ ಕಿಲೋ ಸಕ್ಕರೆ, ಅರ್ಧ ಕಿಲೋ ಬೆಲ್ಲ, ಮತ್ತು ಅಣ್ಣ ಬಂದು ಉಳಿಯುವ ತಿಂಗಳಲ್ಲಿ ಅವರಿಗಾಗಿ ಒಂದು ಡಬ್ಬಿ ಮಾತ್ರೆ.