ಎಲುಬಿನ ಮೇಲಿನ ಗುಳಿಗಳು: ಸಂಧಿವಾತದಲ್ಲಿ ಎಲುಬು ಸವೆಯುವುದನ್ನು ನಾನು ಹಿಂಬಾಲಿಸಿದ ಬಗೆ

ನನ್ನ ದೊಡ್ಡಮ್ಮನ ಸೀರೆಯ ನೆರಿಗೆ ನೆಲಕ್ಕೆ ತಾಗತೊಡಗಿದ್ದನ್ನು ಮನೆಯಲ್ಲಿ ಮೊದಲು ಗಮನಿಸಿದವರು ನಮ್ಮ ಅಜ್ಜಿ. ಬದಿಯಡ್ಕದಿಂದ ಒಳಗೆ ನಮ್ಮದು ತೋಟದ ಮನೆ. ದೊಡ್ಡಮ್ಮ ಸೀರೆ ಉಡುವ ಕ್ರಮವೂ ಬದಲಾಗಿರಲಿಲ್ಲ, ಸೀರೆಯೂ ಹೊಸದಲ್ಲ. ಆದರೂ ಅಂಗಳಕ್ಕೆ ಇಳಿಯುವಾಗ ನೆರಿಗೆಯನ್ನು ಎತ್ತಿ ಹಿಡಿಯಬೇಕಾಗುತ್ತಿತ್ತು. ಅವರಿಗೆ ಹಲವು ವರ್ಷಗಳಿಂದ ರುಮಟಾಯ್ಡ್ ಸಂಧಿವಾತವಿತ್ತು, ಮೈಯ ರಕ್ಷಣಾ ವ್ಯವಸ್ಥೆಯೇ ತಿರುಗಿಬಿದ್ದು ಗಂಟುಗಳಲ್ಲಿ ಉರಿಯೂತ ತರುವ ರೋಗ. ಬೆಳಿಗ್ಗೆ ಎದ್ದರೆ ಬೆರಳುಗಳು ಬಿಗಿದುಕೊಂಡು, ಅಡಿಕೆ ಸುಲಿಯಲು ಕುಳಿತರೆ ಕೈ ಮಡಚುತ್ತಿರಲಿಲ್ಲ. ಯಾರೋ ಹಿಂದೆ ಬರೆದುಕೊಟ್ಟಿದ್ದ ಸಣ್ಣ ಬಿಳಿ ಮಾತ್ರೆಯನ್ನು ಹಳೆಯ ಚೀಟಿಯಲ್ಲಿಯೇ ಮತ್ತೆ ಮತ್ತೆ ತರಿಸಿಕೊಳ್ಳುತ್ತಿದ್ದರು. ನುಂಗಿದ ದಿನವೇ ಕೈ ಸಡಿಲವಾಗುತ್ತಿತ್ತು. ಅದು ಸ್ಟಿರಾಯ್ಡ್. ಕೊನೆಗೆ ಬೆನ್ನಿನ ಎಕ್ಸ್‌ರೇ ತೆಗೆಸಿದಾಗ, ಎಲ್ಲಿಯೂ ಬೀಳದೆ, ಭಾರ ಎತ್ತದೆ, ಬೆನ್ನಿನ ಮೂರು ಎಲುಬುಗಳು ಒತ್ತಿದ ಡಬ್ಬಿಗಳಂತೆ ಕುಸಿದು ಕುಳಿತಿದ್ದವು. ನಾನು ಆಗ ವೈದ್ಯಕೀಯದ ಮೊದಲ ವರ್ಷದಲ್ಲಿದ್ದೆ. ಬಂದ ನೆಂಟರೆಲ್ಲ ಪ್ರಾಯವಾಯಿತು, ಹಾಲು ಕುಡಿಯಲಿಲ್ಲ, ಸುಣ್ಣದ ಅಂಶ ಕಡಿಮೆಯಾಯಿತು ಎಂದರು. ದೊಡ್ಡಮ್ಮನಿಗೆ ಆಗ ಐವತ್ತೂ ತುಂಬಿರಲಿಲ್ಲ, ಕೊಟ್ಟಿಗೆಯಲ್ಲಿ ಎರಡು ದನಗಳಿದ್ದವು.

ಆ ಉತ್ತರ ನನಗೆ ಒಪ್ಪಿಗೆಯಾಗಲಿಲ್ಲ. ಎಂ.ಡಿ. ಮುಗಿದ ಮೇಲೆ ನಾನು ಸಂಧಿವಾತದ ರೋಗಿಗಳನ್ನು ನೋಡುವ ಕೆಲಸದ ಜೊತೆಗೆ ಎಲುಬಿನ ಕೋಶಗಳನ್ನು ಬೆಳೆಸುವ ಪ್ರಯೋಗಶಾಲೆಯ ಕೆಲಸವನ್ನೂ ಹಿಡಿದದ್ದು ಈ ಕಾರಣಕ್ಕೆ. ವಾರದಲ್ಲಿ ಎರಡು ದಿನ ಕಾಸರಗೋಡಿನಲ್ಲಿ ರೋಗಿಗಳು, ಉಳಿದ ದಿನ ಮಂಗಳೂರಿನಲ್ಲಿ ಸೂಕ್ಷ್ಮದರ್ಶಕ. ನಡುವೆ ಸುಮಾರು ಐವತ್ತು ಕಿಲೋಮೀಟರ್ ದಾರಿ ಮತ್ತು ತಲಪಾಡಿಯಲ್ಲಿ ಕೇರಳ ಕರ್ನಾಟಕದ ಗಡಿ.

ಎಲುಬು ಒಮ್ಮೆ ಕಟ್ಟಿ ಮುಗಿದ ವಸ್ತುವಲ್ಲ ಎಂಬುದನ್ನು ಮೊದಲು ಹೇಳಬೇಕು. ವಯಸ್ಕರ ಅಸ್ಥಿಪಂಜರದಲ್ಲಿ ವರ್ಷಕ್ಕೆ ಸುಮಾರು 10 ಪ್ರತಿಶತ ಭಾಗ ಹಳೆಯದನ್ನು ಕಳೆದುಕೊಂಡು ಹೊಸದಾಗುತ್ತದೆ. ಕಳೆಯುವ ಕೋಶ ಆಸ್ಟಿಯೋಕ್ಲಾಸ್ಟ್, ಕಟ್ಟುವ ಕೋಶ ಆಸ್ಟಿಯೋಬ್ಲಾಸ್ಟ್. ಒಂದು ಜಾಗದಲ್ಲಿ ಕೊರೆಯುವ ಕೆಲಸ ಕೆಲವೇ ವಾರಗಳಲ್ಲಿ ಮುಗಿದರೆ, ಆ ಗುಳಿಯನ್ನು ತುಂಬಿಸಿ ಗಟ್ಟಿಗೊಳಿಸಲು ಮೂರು ನಾಲ್ಕು ತಿಂಗಳು ಬೇಕು. ಕೊರೆಯುವ ಕೆಲಸ ಸ್ವಲ್ಪವೇ ವೇಗ ಪಡೆದರೂ ಕಟ್ಟುವವರಿಗೆ ಅದನ್ನು ಹಿಡಿಯುವುದು ಕಷ್ಟ. ಎಲುಬು ಸವೆಯುವುದರ ಗುಟ್ಟು ಬಹುಪಾಲು ಈ ವೇಗದ ಅಂತರದಲ್ಲಿದೆ.

ಆಸ್ಟಿಯೋಕ್ಲಾಸ್ಟ್ ಎಂಬ ಹೆಸರು 1873ರಷ್ಟು ಹಳೆಯದು, ಅಂಗರಚನಾ ವಿಜ್ಞಾನಿ ಕ್ಯೋಲಿಕರ್ ಇಟ್ಟದ್ದು. ಆದರೆ ಆ ಕೋಶಕ್ಕೆ ಅಪ್ಪಣೆ ಕೊಡುವುದು ಯಾವುದು ಎಂದು ತಿಳಿಯಲು 1990ರ ದಶಕದ ಕೊನೆಯವರೆಗೆ ಕಾಯಬೇಕಾಯಿತು. 1997ರಲ್ಲಿ ಆಸ್ಟಿಯೋಪ್ರೊಟೆಜೆರಿನ್ ಎಂಬ ತಡೆಯುವ ಪ್ರೋಟೀನು ಪತ್ತೆಯಾಯಿತು. ಅದು ಯಾವುದನ್ನು ತಡೆಯುತ್ತದೆ ಎಂದು ಹುಡುಕಿದಾಗ, ಮರುವರ್ಷ ಜಪಾನ್ ಮತ್ತು ಅಮೆರಿಕದ ಎರಡು ಗುಂಪುಗಳಿಗೆ ಬೇರೆ ಬೇರೆಯಾಗಿ ಆ ಅಪ್ಪಣೆ ಕೊಡುವ ಪ್ರೋಟೀನು ರ್‍ಯಾಂಕ್‌ಎಲ್ ಸಿಕ್ಕಿತು. ರಕ್ತದಲ್ಲಿ ಓಡಾಡುವ ಮಾನೋಸೈಟ್ ಎಂಬ ಬಿಳಿಯ ಕೋಶವೇ, ರ್‍ಯಾಂಕ್‌ಎಲ್ ತಗಲಿದರೆ, ಇನ್ನೊಂದರೊಡನೆ ಕೂಡಿ ಹಲವು ನ್ಯೂಕ್ಲಿಯಸ್‌ಗಳ ದೊಡ್ಡ ಆಸ್ಟಿಯೋಕ್ಲಾಸ್ಟ್ ಆಗುತ್ತದೆ. ಸಂಧಿವಾತದ ಮಟ್ಟಿಗೆ ನನ್ನನ್ನು ಹಿಡಿದು ನಿಲ್ಲಿಸಿದ್ದು 2001ರಲ್ಲಿ ಪ್ರಕಟವಾದ ಇಲಿಗಳ ಪ್ರಯೋಗ. ರ್‍ಯಾಂಕ್‌ಎಲ್ ಇಲ್ಲದ ಇಲಿಗಳಿಗೆ ಸಂಧಿವಾತ ಬರಿಸಿದರೆ ಗಂಟುಗಳು ಊದಿಕೊಂಡವು, ಆದರೆ ಎಲುಬು ಬಹಳ ಮಟ್ಟಿಗೆ ಉಳಿಯಿತು. ಉರಿಯೂತ ಎಲುಬನ್ನು ನೇರವಾಗಿ ಕರಗಿಸುವುದಿಲ್ಲ, ಆಸ್ಟಿಯೋಕ್ಲಾಸ್ಟ್‌ನ ಕೈಯಿಂದ ಕರಗಿಸುತ್ತದೆ. ಈ ಒಂದು ವಾಕ್ಯವನ್ನು ನಮ್ಮೂರಿನ ರೋಗಿಗಳ ರಕ್ತದಲ್ಲಿ ಕಣ್ಣಾರೆ ನೋಡಬೇಕು ಎಂಬುದೇ ನನ್ನ ಕೆಲಸವಾಯಿತು.

ಕೆಲಸದ ಮೊದಲ ತೊಡಕು ಪ್ರಯೋಗಶಾಲೆಯಲ್ಲಿರಲಿಲ್ಲ, ಒಪ್ಪಿಗೆ ಪತ್ರದಲ್ಲಿತ್ತು. ಕಾಸರಗೋಡಿನಲ್ಲಿ ಅಚ್ಚಾಗಿ ಸಿಗುವ ಕಾಗದಗಳು ಹೆಚ್ಚಾಗಿ ಮಲಯಾಳದಲ್ಲಿರುತ್ತವೆ. ಕನ್ನಡ ಮಾತ್ರ ಓದಬಲ್ಲ ಹಿರಿಯರು ಮಕ್ಕಳ ಮುಖ ನೋಡಿ ಸಹಿ ಹಾಕುತ್ತಾರೆ. ರಕ್ತ ಕೊಡುವವರು ತಾವು ಏನಕ್ಕೆ ಕೊಡುತ್ತಿದ್ದೇವೆಂದು ತಮ್ಮ ಭಾಷೆಯಲ್ಲೇ ಓದಬೇಕು ಎಂದು ನಾನು ಹಠ ಹಿಡಿದು ಕನ್ನಡದ ಪ್ರತಿಯನ್ನು ಬರೆದು, ಸಂಶೋಧನೆಗೆ ಅನುಮತಿ ಕೊಡುವ ಸಮಿತಿಯ ಮುಂದಿಟ್ಟೆ. ‘ಎಲುಬು ಕರಗಿಸುವ ಕೋಶ’ ಎಂದು ಅದರಲ್ಲಿ ಬರೆದಿದ್ದೆ. ಕುಂಬಳೆಯ ಕಡೆಯ ಒಬ್ಬರು, ಮೂವತ್ತು ವರ್ಷ ಬೀಡಿ ಕಟ್ಟಿದವರು, ಅದನ್ನು ನಿಧಾನವಾಗಿ ಓದಿ, “ಒರಲೆ ತಿಂದ ಹಾಗೆಯಾ ಡಾಕ್ಟ್ರೇ?” ಎಂದು ಕೇಳಿದರು. ಒರಲೆ ಹೊರಗಿನಿಂದ ಬರುತ್ತದೆ, ಇದು ನಿಮ್ಮದೇ ಕೋಶ, ದಿನವೂ ರಿಪೇರಿ ಮಾಡುವುದು ಇದರ ಕೆಲಸ ಎಂದೆ. “ನನ್ನದೇ ಆದರೆ ನನ್ನ ಎಲುಬನ್ನು ಯಾಕೆ ತಿನ್ನಬೇಕು?” ಎಂಬುದು ಅವರ ಮುಂದಿನ ಪ್ರಶ್ನೆ. ಮುರಕಲ್ಲಿನ ಗೋಡೆಯಲ್ಲಿ ಸವೆದ ಕಲ್ಲನ್ನು ತೆಗೆಯಲು ಬಂದ ಕೆಲಸದವನಿಗೆ ಯಾರೋ ಹಿಂದಿನಿಂದ ‘ತೆಗೆ, ಇನ್ನೂ ತೆಗೆ’ ಎಂದು ಹೇಳುತ್ತಲೇ ಇದ್ದರೆ ಏನಾಗುತ್ತದೋ ಅದು ಎಂದು ವಿವರಿಸಿದೆ. ಅವರು ಸಹಿ ಹಾಕಿದರು. ಒಪ್ಪಿಗೆ ಪತ್ರದಲ್ಲಿ ಆ ಹೋಲಿಕೆ ಈಗಲೂ ಇದೆ.

ರಕ್ತ ತೆಗೆದ ಮೇಲೆ ಅದನ್ನು ಮಂಜುಗಡ್ಡೆಯಲ್ಲಿಡಬಾರದು, ಬಿಸಿಲಿಗೂ ಒಡ್ಡಬಾರದು. ಸಾಧಾರಣ ಉಷ್ಣತೆಯಲ್ಲಿ ಕೆಲವೇ ಗಂಟೆಗಳೊಳಗೆ ಕೆಲಸಕ್ಕೆ ತೊಡಗಬೇಕು. ಕೊಳವೆಗಳನ್ನು ಬಟ್ಟೆಯಲ್ಲಿ ಸುತ್ತಿ ಊಟದ ಡಬ್ಬಿಯಂಥ ಪೆಟ್ಟಿಗೆಯಲ್ಲಿಟ್ಟುಕೊಂಡು ಮಧ್ಯಾಹ್ನದೊಳಗೆ ಮಂಗಳೂರು ಮುಟ್ಟುತ್ತಿದ್ದೆ. ತೆಳುಗೊಳಿಸಿದ ರಕ್ತವನ್ನು ಫೈಕಾಲ್ ಎಂಬ ದ್ರವದ ಮೇಲೆ, ಕೊಳವೆಯನ್ನು ಓರೆಯಾಗಿ ಹಿಡಿದು, ಗೋಡೆಯ ಗುಂಟ ಹನಿಹನಿಯಾಗಿ ಇಳಿಸಬೇಕು. ಕೈ ನಡುಗಿದರೆ ಎರಡು ದ್ರವಗಳು ಬೆರೆತು ಎಲ್ಲವೂ ವ್ಯರ್ಥ. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಬ್ರೇಕ್ ಹಾಕದೆ ತಾನಾಗಿ ನಿಲ್ಲಲು ಬಿಟ್ಟರೆ, ಕೆಳಗೆ ಕೆಂಪು, ಮೇಲೆ ಹಳದಿ, ನಡುವೆ ತೆಳ್ಳನೆಯ ಮಂಜಿನಂಥ ಬಿಳಿಯ ಪದರ ಕಾಣುತ್ತದೆ. ನಮಗೆ ಬೇಕಾದ ಮಾನೋಸೈಟ್ ಕೋಶಗಳಿರುವುದು ಆ ಪದರದಲ್ಲಿ. ಅದನ್ನು ಪಿಪೆಟ್‌ನಿಂದ ಸುತ್ತಲೂ ಎಳೆದು ತೆಗೆಯುವ ಹದ ನನ್ನ ಕೈಗೆ ಬರಲು ತಿಂಗಳುಗಳೇ ಹಿಡಿದವು.

ಕೋಶಗಳಿಗೆ ಕೊರೆಯಲು ನಿಜವಾದ ಎಲುಬು ಬೇಕು. ಪ್ಲಾಸ್ಟಿಕ್ಕಿನ ಮೇಲೆಯೂ ಅವು ದೊಡ್ಡದಾಗುತ್ತವೆ, ಆದರೆ ದೊಡ್ಡದಾದ ಕೋಶವೆಲ್ಲ ಕೊರೆಯುತ್ತದೆಂದು ಹೇಳಲಾಗದು. ಮಾಂಸದಂಗಡಿಯಿಂದ ತಂದ ದನದ ತೊಡೆಯ ಎಲುಬನ್ನು ಕುದಿಸದೆ ಶುಚಿಗೊಳಿಸಿ, ವಜ್ರದಂಚಿನ ನಿಧಾನ ಗರಗಸದಿಂದ ಉಗುರಿಗಿಂತ ತೆಳುವಾದ ಬಿಲ್ಲೆಗಳಾಗಿ ಕೊಯ್ದು, ಶಬ್ದತರಂಗದ ತೊಟ್ಟಿಯಲ್ಲಿ ಧೂಳು ಕಳೆದು, ಮದ್ಯಸಾರದಲ್ಲಿಟ್ಟು ಬಳಸುತ್ತಿದ್ದೆ. ಮೊದಲ ಮಳೆಗಾಲದಲ್ಲಿ ಈ ಶ್ರಮವೆಲ್ಲ ನೀರುಪಾಲಾಯಿತು. ಒಂಬತ್ತನೆಯ ದಿನ ತಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕೋಶಗಳ ಬದಲು ಬೂಷ್ಟಿನ ನೂಲುಗಳು ಹಬ್ಬಿಕೊಂಡಿದ್ದವು. ಆರು ಜನ ರೋಗಿಗಳು ಕೊಟ್ಟ ರಕ್ತ ಅದರಲ್ಲಿತ್ತು. ಆ ದಿನ ನನಗೆ ಬಹಳ ಸಂಕಟವಾಯಿತು, ಏಕೆಂದರೆ ಅವರಲ್ಲಿ ಇಬ್ಬರು ಮುಳಿಗದ್ದೆಯ ಆಚೆಯಿಂದ ಜಡಿಮಳೆಯಲ್ಲಿ ಎರಡು ಬಸ್ಸು ಹಿಡಿದು ಬಂದವರು. ಕಾರಣ ಇನ್‌ಕ್ಯುಬೇಟರ್‌ನೊಳಗೆ ತೇವಕ್ಕಾಗಿ ಇಡುವ ನೀರಿನ ತಟ್ಟೆ. ಅದನ್ನು ವಾರಕ್ಕೊಮ್ಮೆ ಬದಲಿಸುತ್ತಿದ್ದೆವು. ನಮ್ಮ ಕಡಲತೀರದ ಆಷಾಢಕ್ಕೆ ಅದು ಸಾಲದು. ಅಂದಿನಿಂದ ಜೂನ್‌ನಿಂದ ಸೆಪ್ಟೆಂಬರ್ ತನಕ ಎರಡು ದಿನಕ್ಕೊಮ್ಮೆ ಬದಲಿಸುವುದು ನಿಯಮವಾಯಿತು.

ಎರಡನೆಯ ತಪ್ಪು ಪೂರ್ತಿ ನನ್ನದು. ಕೋಶಗಳಿಗೆ ಹಾಕುವ ರ್‍ಯಾಂಕ್‌ಎಲ್ ದುಬಾರಿ ಎಂದು ಒಂದೇ ಕೊಳವೆಯಿಂದ ಹಲವು ಬಾರಿ ಕರಗಿಸಿ, ಮತ್ತೆ ಹೆಪ್ಪುಗಟ್ಟಿಸಿ ಬಳಸಿದೆ. ಪ್ರತಿ ಬಾರಿಯೂ ಅದರ ಶಕ್ತಿ ಕುಂದುತ್ತಿತ್ತು, ನಾನು ಮಾತ್ರ ರೋಗಿಯ ಕೋಶದಲ್ಲೇ ದೋಷವಿದೆ ಎಂದು ಟಿಪ್ಪಣಿ ಬರೆಯುತ್ತಿದ್ದೆ. ಒಮ್ಮೆಗೆ ಬೇಕಾದಷ್ಟನ್ನೇ ಸಣ್ಣ ಕೊಳವೆಗಳಲ್ಲಿ ಹಂಚಿ ಮೈನಸ್ 80 ಡಿಗ್ರಿಯಲ್ಲಿ ಇಟ್ಟ ಮೇಲೆ ಲೆಕ್ಕ ನೇರವಾಯಿತು. ಹಿಂದಿನ ಎರಡು ತಿಂಗಳ ಟಿಪ್ಪಣಿಯನ್ನು ಪೂರ್ತಿ ಬಿಟ್ಟುಬಿಡಬೇಕಾಯಿತು.

ಎಲ್ಲವೂ ಸರಿಯಾದಾಗ ಕಂಡದ್ದನ್ನು ಹೇಳುತ್ತೇನೆ. ಮನುಷ್ಯರ ರಕ್ತದ ಕೋಶಗಳಿಗೆ ಎರಡು ವಾರದಷ್ಟು ಕಾಲ ಬೇಕು. ಮೊದಲು ದುಂಡಗಿರುವ ಮಾನೋಸೈಟ್‌ಗಳು ತಳಕ್ಕೆ ಅಂಟಿಕೊಂಡು ಚಾಚಿಕೊಳ್ಳುತ್ತವೆ; ಆಮೇಲೆ ಒಂದರ ಅಂಚು ಇನ್ನೊಂದಕ್ಕೆ ತಾಗಿ, ನಡುವಿನ ಗೆರೆ ಅಳಿಸಿಹೋಗಿ, ದೋಸೆಹಿಟ್ಟಿನ ಎರಡು ಹನಿ ಕಾವಲಿಯ ಮೇಲೆ ಕೂಡಿಕೊಂಡಂತೆ ಒಂದಾಗುತ್ತವೆ. ಟ್ರ್ಯಾಪ್ ಎಂಬ ಕಿಣ್ವದ ಬಣ್ಣ ಹಾಕಿದರೆ ಇವು ಮಾತ್ರ ಕೋಕಂ ಹಣ್ಣಿನ ರಸದಂಥ ಕೆಂಪಾಗುತ್ತವೆ. ಮೂರು ಅಥವಾ ಹೆಚ್ಚು ನ್ಯೂಕ್ಲಿಯಸ್ ಇದ್ದರೆ ಆಸ್ಟಿಯೋಕ್ಲಾಸ್ಟ್ ಎಂದು ಎಣಿಸುತ್ತೇವೆ. ಬಿಲ್ಲೆಯ ಮೇಲೆ ಕುಳಿತ ಕೋಶ ಅಂಚನ್ನು ಉಂಗುರದಂತೆ ಮುಚ್ಚಿಕೊಂಡು, ಆ ಮುಚ್ಚಿದ ಜಾಗಕ್ಕೆ ಆಮ್ಲವನ್ನು ಸುರಿದು ಖನಿಜವನ್ನು ಕರಗಿಸುತ್ತದೆ, ಕ್ಯಾಥೆಪ್ಸಿನ್ ಕೆ ಎಂಬ ಕಿಣ್ವದಿಂದ ಉಳಿದ ನಾರನ್ನು ಕಡಿಯುತ್ತದೆ. ಕೋಶಗಳನ್ನು ಉಜ್ಜಿ ತೆಗೆದು ಟೊಲುಯಿಡಿನ್ ನೀಲಿಯಲ್ಲಿ ಅದ್ದಿದರೆ, ಬಿಳಿಯ ಎಲುಬಿನ ಮೇಲೆ ನೀಲಿ ಗುಳಿಗಳು, ಕೆಲವು ಒಂಟಿಯಾಗಿ, ಕೆಲವು ಎರೆಹುಳ ಹರಿದ ಜಾಡಿನಂತೆ ಉದ್ದಕ್ಕೆ ಕಾಣುತ್ತವೆ. ಮೊದಲ ಬಾರಿಗೆ ಅದನ್ನು ನೋಡಿದಾಗ ದೊಡ್ಡಮ್ಮನ ಎಕ್ಸ್‌ರೇ ನೆನಪಾಗಿ ನಾನು ಸ್ವಲ್ಪ ಹೊತ್ತು ಏನನ್ನೂ ಬರೆಯಲಾಗದೆ ಕುಳಿತೆ.

ಆರೋಗ್ಯವಂತರ ಕೋಶಗಳಿಗೆ ರ್‍ಯಾಂಕ್‌ಎಲ್ ಕೊಡದಿದ್ದರೆ ಗುಳಿಗಳು ಬೀಳುತ್ತಿರಲಿಲ್ಲ. ಕೊಟ್ಟರೂ ಜೊತೆಗೆ ಆಸ್ಟಿಯೋಪ್ರೊಟೆಜೆರಿನ್ ಹಾಕಿದರೆ ನಿಲ್ಲುತ್ತಿತ್ತು. ಅತಿ ಕಡಿಮೆ ರ್‍ಯಾಂಕ್‌ಎಲ್ ಜೊತೆ ಟಿಎನ್ಎಫ್ ಎಂಬ ಉರಿಯೂತದ ಪ್ರೋಟೀನು ಸೇರಿಸಿದರೆ ಕೋಶಗಳ ಸಂಖ್ಯೆ ಏರುತ್ತಿತ್ತು. ಉರಿಯೂತದ ಗಂಟಿನಲ್ಲಿ ತುಂಬಿರುವುದು ಇದೇ ಟಿಎನ್ಎಫ್. ರೋಗ ಜೋರಾಗಿದ್ದ ಕೆಲವರ ರಕ್ತದಲ್ಲಿ ಹೊರಗಿನಿಂದ ರ್‍ಯಾಂಕ್‌ಎಲ್ ಸೇರಿಸದೆಯೇ ಆಸ್ಟಿಯೋಕ್ಲಾಸ್ಟ್‌ಗಳು ಮೂಡಿದವು. ಚರ್ಮರೋಗವಾದ ಸೋರಿಯಾಸಿಸ್‌ನ ಸಂಧಿವಾತದಲ್ಲಿ ಇಂಥದ್ದು 2003ರಲ್ಲಿಯೇ ವರದಿಯಾಗಿತ್ತು. ಟಿಎನ್ಎಫ್ ತಡೆಯುವ ಚುಚ್ಚುಮದ್ದು ಕೊಟ್ಟ ಮೇಲೆ ಅಂಥ ಕೋಶಗಳು ಕಡಿಮೆಯಾದದ್ದನ್ನೂ ಅದೇ ಕೆಲಸ ತೋರಿಸಿತ್ತು. ನನ್ನಲ್ಲಿದ್ದ ರೋಗಿಗಳ ಸಂಖ್ಯೆ ಸಣ್ಣದು, ಎಲ್ಲರಲ್ಲೂ ಹೀಗಾಗಲಿಲ್ಲ, ಆದ್ದರಿಂದ ನಾನು ಇದರಿಂದ ದೊಡ್ಡ ಮಾತನ್ನು ಕಟ್ಟುವುದಿಲ್ಲ. ಆದರೆ ಎಲುಬು ಕರಗುವುದು ಗಂಟಿನಲ್ಲಿ ಮಾತ್ರ ನಡೆಯುವ ಸಂಗತಿಯಲ್ಲ, ಕರಗಿಸುವ ಕೋಶಗಳು ರಕ್ತದಲ್ಲಿರುವಾಗಲೇ ಸಿದ್ಧವಾಗಿರುತ್ತವೆ ಎಂಬುದು ನನಗೆ ಮನವರಿಕೆಯಾಯಿತು.

ಇದು ನನ್ನ ಚಿಕಿತ್ಸೆಯ ಕ್ರಮವನ್ನೇ ಬದಲಿಸಿತು. 1948ರಲ್ಲಿ ಅಮೆರಿಕದ ವೈದ್ಯ ಹೆಂಚ್ ಮೊದಲ ಬಾರಿಗೆ ಸಂಧಿವಾತದ ರೋಗಿಗೆ ಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ಕೊಟ್ಟರು, ಎರಡೇ ವರ್ಷದಲ್ಲಿ ಅದಕ್ಕೆ ನೊಬೆಲ್ ಬಂತು. ಆ ಮದ್ದಿನ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸ್ಟಿರಾಯ್ಡ್ ಕಟ್ಟುವ ಕೋಶಗಳನ್ನೂ ಎಲುಬಿನೊಳಗೆ ನೆಲೆಸಿದ ಕೋಶಗಳಾದ ಆಸ್ಟಿಯೋಸೈಟ್‌ಗಳನ್ನೂ ಸಾಯಿಸುತ್ತದೆ, ಕೊರೆಯುವ ಕೋಶದ ಆಯುಸ್ಸನ್ನು ಹೆಚ್ಚಿಸುತ್ತದೆ. ಅತಿ ವೇಗದ ನಷ್ಟ ಮೊದಲ ಮೂರರಿಂದ ಆರು ತಿಂಗಳಲ್ಲಿ. ‘ಸ್ವಲ್ಪ ದಿನ ನೋಡಿ ಆಮೇಲೆ ಎಲುಬಿನ ಯೋಚನೆ ಮಾಡೋಣ’ ಎಂಬಷ್ಟರಲ್ಲಿ ಹೆಚ್ಚಿನ ಹಾನಿ ಆಗಿಹೋಗಿರುತ್ತದೆ. ದಿನಕ್ಕೆ 2.5 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮೂರು ತಿಂಗಳಿಗಿಂತ ಹೆಚ್ಚು ಬೇಕಾಗಬಹುದು ಎನಿಸಿದರೂ ಈಗ ಮೊದಲ ದಿನವೇ ಎಲುಬಿನ ಲೆಕ್ಕ ತೆಗೆಯುತ್ತೇನೆ. ಮೆಥೊಟ್ರೆಕ್ಸೇಟ್‌ನಂಥ ಮದ್ದಿನಿಂದ ಉರಿಯೂತವನ್ನೇ ಬೇಗ ಹಿಡಿತಕ್ಕೆ ತಂದು ಸ್ಟಿರಾಯ್ಡ್ ಇಳಿಸುತ್ತೇನೆ. ಬರೀ ಸುಣ್ಣದ ಮಾತ್ರೆ ಕೊಟ್ಟು ಕಳುಹಿಸುವುದು, ಗೋಡೆ ಕೀಳುವವನನ್ನು ತಡೆಯದೆ ಕಲ್ಲಿನ ಲೋಡು ತರಿಸಿದ ಹಾಗೆ. ಕಲ್ಲೂ ಬೇಕು, ವಿಟಮಿನ್ ಡಿ ಕೂಡ ಬೇಕು, ಅದು ಬೇರೆ ಮಾತು.

ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಯಂತ್ರದ ಅಂಕಿಯನ್ನು ಮಾತ್ರ ನಂಬಬಾರದೆಂಬುದನ್ನೂ ಕಲಿತೆ. ಬೆನ್ನೆಲುಬುಗಳು ಬೆಸೆದುಕೊಳ್ಳುವ ಸಂಧಿವಾತವಾದ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್‌ನ ಹುಡುಗನೊಬ್ಬನ ಸೊಂಟದ ಮೇಲಿನ ಬೆನ್ನೆಲುಬು ಯಂತ್ರಕ್ಕೆ ಗಟ್ಟಿಯಾಗಿಯೇ ಕಂಡಿತು. ಹೊರಗೆ ಬೆಳೆದ ಹೊಸ ಎಲುಬು ಒಳಗಿನ ಟೊಳ್ಳನ್ನು ಮರೆಮಾಡಿತ್ತು. ತೊಡೆಯ ಮೇಲ್ತುದಿಯನ್ನು ಅಳೆದಾಗ ನಿಜ ಹೊರಬಿತ್ತು.

ಮದ್ದಿನ ಆಯ್ಕೆಯಲ್ಲಿ ಊರಿನ ದಾರಿಯೂ ಲೆಕ್ಕಕ್ಕೆ ಬರುತ್ತದೆ. 2010ರಲ್ಲಿ ಒಪ್ಪಿಗೆ ಪಡೆದ ಡೆನೊಸುಮ್ಯಾಬ್ ರ್‍ಯಾಂಕ್‌ಎಲ್ ಅನ್ನೇ ಹಿಡಿದಿಡುವ ಚುಚ್ಚುಮದ್ದು, ಆರು ತಿಂಗಳಿಗೊಮ್ಮೆ. ಪ್ರಯೋಗಶಾಲೆಯಲ್ಲಿ ಕಂಡದ್ದನ್ನು ಅದು ರೋಗಿಯಲ್ಲಿ ಮಾಡಿ ತೋರಿಸುತ್ತದೆ. ಆದರೆ ಮುಂದಿನ ಚುಚ್ಚುಮದ್ದು ತಪ್ಪಿದರೆ, ತಡೆದಿಟ್ಟ ಕೋಶಗಳು ಒಟ್ಟಿಗೆ ಎದ್ದು ಬೆನ್ನೆಲುಬುಗಳು ಒಂದರ ಹಿಂದೆ ಒಂದು ಕುಸಿಯಬಹುದು. 2020ರ ಮಾರ್ಚ್‌ನಲ್ಲಿ ತಲಪಾಡಿಯ ದಾರಿ ಮುಚ್ಚಿ ಮಂಗಳೂರಿನ ಆಸ್ಪತ್ರೆಗಳು ನಮ್ಮವರಿಗೆ ಕೈಗೆಟುಕದಾದಾಗ, ಆ ಚುಚ್ಚುಮದ್ದಿನ ದಿನ ಹತ್ತಿರ ಬಂದಿದ್ದವರ ಹೆಸರುಗಳನ್ನು ಬರೆದುಕೊಂಡು ಒಬ್ಬೊಬ್ಬರಿಗೆ ಫೋನು ಮಾಡುತ್ತ ಕುಳಿತ ದಿನಗಳು ನನಗೆ ಮರೆಯುವಂತಿಲ್ಲ. ಚುಚ್ಚುಮದ್ದು ಸಿಕ್ಕದವರಿಗೆ, ಎಲುಬು ಕರಗುವುದನ್ನು ತಡೆಯುವ ವಾರಕ್ಕೊಮ್ಮೆಯ ಅಲೆಂಡ್ರೊನೇಟ್ 70 ಮಿಲಿಗ್ರಾಂ ಮಾತ್ರೆಗೆ ಬದಲಿಸಿದೆ. ಅದಕ್ಕೆ ಅದರದೇ ಕಟ್ಟುಪಾಡು: ಖಾಲಿ ಹೊಟ್ಟೆಯಲ್ಲಿ, ಒಂದು ಲೋಟ ಬರೀ ನೀರಿನೊಡನೆ ನುಂಗಿ, ಅರ್ಧ ಗಂಟೆ ಮಲಗದೆ, ಏನೂ ತಿನ್ನದೆ ಇರಬೇಕು. ಎದ್ದ ಕೂಡಲೇ ಚಾ ಕುಡಿಯುವ ನಮ್ಮ ಮನೆಗಳಲ್ಲಿ ಕಷ್ಟದ್ದು ಈ ಅರ್ಧ ಗಂಟೆಯೇ. ಹಾಗಾಗಿ ಚೀಟಿಯಲ್ಲಿ ‘ಆದಿತ್ಯವಾರ, ಚಾ ಕುಡಿಯುವ ಮೊದಲು’ ಎಂದು ಕೈಯಾರೆ ಕನ್ನಡದಲ್ಲಿ ಬರೆಯುತ್ತೇನೆ.

ಕಾಸರಗೋಡಿನ ನನ್ನ ಕೋಣೆಯ ಬಾಗಿಲ ದಾರಂದದಲ್ಲಿ ಈಗ ಪೆನ್ಸಿಲ್ ಗೆರೆಗಳಿವೆ. ಬಂದವರೆಲ್ಲರ ಎತ್ತರವನ್ನು ಅಳೆದು ಬರೆದಿಡುತ್ತೇವೆ. ಎರಡು ಸೆಂಟಿಮೀಟರ್ ಇಳಿದಿದೆ ಎಂದಾದರೆ, ಬೆನ್ನು ನೋವಿಲ್ಲ ಎಂದರೂ ಎಕ್ಸ್‌ರೇ ಮಾಡಿಸುತ್ತೇವೆ. ಸೀರೆ ಉದ್ದವೆನಿಸುತ್ತಿದೆಯೇ ಎಂದು ಹೆಂಗಸರನ್ನು ಕೇಳುವುದೂ ಉಂಟು. ಕುಂಬಳೆಯ ಆ ಬೀಡಿ ಕಟ್ಟುವವರ ಗೆರೆ ಮೂರು ವರ್ಷಗಳಿಂದ ಒಂದೇ ಜಾಗದಲ್ಲಿದೆ. ಮೊನ್ನೆ ಅವರು ಮತ್ತೊಮ್ಮೆ ರಕ್ತ ಕೊಟ್ಟು ಹೋಗಿದ್ದಾರೆ. ಆ ತಟ್ಟೆಗೆ ಇವತ್ತು ಆರನೆಯ ದಿನ, ನೀರಿನ ತಟ್ಟೆಯನ್ನು ಬೆಳಿಗ್ಗೆ ಬದಲಿಸಿ ಬಂದಿದ್ದೇನೆ.