ಎಚ್‌ಐವಿ ಸಾವುಗಳ ಗ್ರಾಫ್ ಓದುವುದು ಹೇಗೆ

ಬಾಗಲಕೋಟೆ ಜಿಲ್ಲೆಯ ಎಆರ್‌ಟಿ (ಎಚ್‌ಐವಿ ಹತ್ತಿಕ್ಕುವ ಔಷಧಿಗಳ ಚಿಕಿತ್ಸೆ) ಕೇಂದ್ರವೊಂದರಲ್ಲಿ ನಾನು ಆಪ್ತ ಸಮಾಲೋಚಕಿ. ತರಬೇತಿಗೆ ಬರುವ ನರ್ಸಿಂಗ್ ಹುಡುಗಿಯರ ಮುಂದೆ ವಿಶ್ವಸಂಸ್ಥೆಯ ಯುಎನ್‌ಏಡ್ಸ್ ಸಂಸ್ಥೆಯ ಗ್ರಾಫ್ ಇಟ್ಟರೆ ಮೊದಲು ಬರುವ ಪ್ರಶ್ನೆ ಇದು: “ಮೇಡಂ, ಸಾವು ಕಡಿಮಿ ಆಗ್ಯಾವ ಅಂತೀರಿ, ಮತ್ತ ಎಚ್‌ಐವಿ ಇದ್ದ ಮಂದಿ ಯಾಕ ಹೆಚ್ಚಾಗ್ಯಾರ?” ನೀವೂ ಇಲ್ಲಿಂದಲೇ ಶುರು ಮಾಡಿ.

ಒಂದೇ ಹಾಳೆಯ ಮೇಲೆ ಇಡೀ ಜಗತ್ತಿನ ಮೂರು ಗೆರೆ ಎಳೆದುಕೊಳ್ಳಿ: ವರ್ಷದ ಹೊಸ ಸೋಂಕು, ವರ್ಷದ ಸಾವು, ಸೋಂಕಿನೊಂದಿಗೆ ಬದುಕಿರುವವರ ಒಟ್ಟು ಲೆಕ್ಕ. ಹೊಸ ಸೋಂಕು 1990ರ ದಶಕದ ನಡುವೆಯೇ ತುದಿ ಮುಟ್ಟಿ ಇಳಿಯತೊಡಗಿತು. ಸಾವು ತುದಿ ಮುಟ್ಟಿದ್ದು 2004ರಲ್ಲಿ, ಸುಮಾರು 21 ಲಕ್ಷ. ಚಿಕಿತ್ಸೆ ಸಿಗದಿದ್ದರೆ ಸೋಂಕಿನಿಂದ ಸಾವಿಗೆ ಸರಿಸುಮಾರು ಹತ್ತು ವರ್ಷ. ಎರಡು ತುದಿಗಳ ನಡುವಿನ ಅಂತರಕ್ಕೆ ಮುಖ್ಯ ಕಾರಣ ಅದೇ. 2024ರಲ್ಲಿ ಹೊಸದಾಗಿ ಸೋಂಕು ತಗುಲಿದ್ದು ಸುಮಾರು 13 ಲಕ್ಷ ಜನರಿಗೆ, ಸತ್ತವರು ಸುಮಾರು 6.3 ಲಕ್ಷ. ಸೇರುವವರು ಹೆಚ್ಚು, ಹೋಗುವವರು ಕಡಿಮೆ. ಹಾಗಾಗಿ ಮೂರನೆಯ ಗೆರೆ ನಾಲ್ಕು ಕೋಟಿ ದಾಟಿದೆ. ಆ ಗೆರೆ ಏರಿದ್ದು ನೋಡಿ ಹೆದರಬೇಡಿ. ದಿನಾ ಮಾತ್ರೆ ತಗೊಂಡು, ಮಕ್ಕಳ ಮದುವೆ ಮಾಡಿ, ಮೊಮ್ಮಕ್ಕಳನ್ನು ಎತ್ತಿಕೊಂಡು ಬರುವ ನಮ್ಮ ಕೇಂದ್ರದವರೂ ಅದರೊಳಗಿದ್ದಾರೆ.

ಮುಂದಿನ ಕೆಲಸ, ಜಗತ್ತಿನ ಗೆರೆಯನ್ನು ದೇಶ ದೇಶವಾಗಿ ಬಿಡಿಸುವುದು. ಇದಕ್ಕೆ ಸಮಯ ಕೊಡಿ. ಮೊದಲು ಅಮೆರಿಕ ತೆಗೆಯಿರಿ. 1995ರಲ್ಲಿ ಅಲ್ಲಿ ಸುಮಾರು 50 ಸಾವಿರ ಜನ ಏಡ್ಸ್‌ನಿಂದ ಸತ್ತರು. 1996ರಲ್ಲಿ ಮೂರು ಔಷಧಿಗಳ ಜೋಡಣೆ ಬಂತು. 1997ರ ಹೊತ್ತಿಗೆ ಸಾವು ಅರ್ಧಕ್ಕಿಂತ ಕೆಳಗಿಳಿಯಿತು. ಈಗ ಪಕ್ಕದಲ್ಲೇ ದಕ್ಷಿಣ ಆಫ್ರಿಕಾ ಇಡಿ. ಅದೇ ಔಷಧಿ, ಆದರೆ ಗೆರೆ 2005ರ ಸುಮಾರಿನವರೆಗೂ ಏರುತ್ತಲೇ ಹೋಗುತ್ತದೆ. ಗ್ರಾಫಿನಲ್ಲಿ ನೀವು ಬೆರಳಿಟ್ಟು ನೋಡಬೇಕಾದ ಜಾಗ ಇದು. ಒಬ್ಬರಿಗೆ ವರ್ಷಕ್ಕೆ 10 ಸಾವಿರ ಡಾಲರಿಗೂ ಮೇಲಿದ್ದ ಔಷಧಿಯನ್ನು 2001ರಲ್ಲಿ ಮುಂಬೈಯ ಔಷಧಿ ಕಂಪನಿ ಸಿಪ್ಲಾ 350 ಡಾಲರಿಗೆ ಕೊಡುತ್ತೇನೆಂದಿತು. ಆದರೂ ದಕ್ಷಿಣ ಆಫ್ರಿಕಾದ ಅಧ್ಯಕ್ಷ ಥಾಬೊ ಎಂಬೆಕಿ ಏಡ್ಸ್‌ಗೆ ಎಚ್‌ಐವಿಯೇ ಕಾರಣವೇ ಎಂದು ಅನುಮಾನ ಪಡುತ್ತಿದ್ದರು, ಅವರ ಆರೋಗ್ಯ ಸಚಿವೆ ಬೆಳ್ಳುಳ್ಳಿ, ಬೀಟ್‌ರೂಟ್ ತಿನ್ನಿ ಎನ್ನುತ್ತಿದ್ದರು. ತಾಯಿಯಿಂದ ಮಗುವಿಗೆ ಸೋಂಕು ದಾಟದಂತೆ ತಡೆಯುವ ನೆವಿರಪಿನ್ ಮಾತ್ರೆಯನ್ನು ಬಸುರಿಯರಿಗೆ ಕೊಡಿಸಲು ಅಲ್ಲಿನ ಹೋರಾಟ ಸಂಘಟನೆಯಾದ ಟ್ರೀಟ್‌ಮೆಂಟ್ ಆ್ಯಕ್ಷನ್ ಕ್ಯಾಂಪೇನ್‌ನವರು ಸಂವಿಧಾನ ನ್ಯಾಯಾಲಯದವರೆಗೂ ಹೋಗಿ 2002ರಲ್ಲಿ ಗೆಲ್ಲಬೇಕಾಯಿತು. ಆ ವಿಳಂಬಕ್ಕೆ 3.3 ಲಕ್ಷಕ್ಕೂ ಹೆಚ್ಚು ಜೀವ ಹೋದವೆಂದು ಹಾರ್ವರ್ಡ್ ಸಂಶೋಧಕರು ಅಂದಾಜು ಮಾಡಿದ್ದಾರೆ. ಔಷಧಿ ಇದ್ದೂ ಸತ್ತವರು ಅವರು. ನನಗೆ ಈ ಗ್ರಾಫಿನಲ್ಲಿ ಇದಕ್ಕಿಂತ ಸಿಟ್ಟು ಬರಿಸುವ ಜಾಗ ಇನ್ನೊಂದಿಲ್ಲ.

ಭಾರತದ ಗೆರೆ ನೋಡುವಾಗ 2004ರ ಏಪ್ರಿಲ್ 1ಕ್ಕೆ ಗುರುತು ಹಾಕಿ. ಕರ್ನಾಟಕವೂ ಸೇರಿ ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಸರ್ಕಾರದ ಉಚಿತ ಎಆರ್‌ಟಿ ಶುರುವಾದದ್ದು ಅಂದು. ಅದಕ್ಕೂ ಮುಂಚೆ ನಮ್ಮ ಕಡೆ ಚೀಟಿ ಬರೆದುಕೊಟ್ಟರೆ ಹೊಲ ಮಾರಬೇಕಿತ್ತು.

ಇನ್ನು ಸಂಖ್ಯೆಗಳ ವಿಷಯ. ಗೆರೆಯ ಸುತ್ತ ತಿಳಿ ಬಣ್ಣದ ಪಟ್ಟಿ ಇರುತ್ತದೆ, ಅದನ್ನು ಬಿಟ್ಟು ಓದಬೇಡಿ. ನಿಜವಾದ ಸಂಖ್ಯೆ ಆ ಪಟ್ಟಿಯೊಳಗೆ ಎಲ್ಲಾದರೂ ಇರಬಹುದು. ಸಾವಿನ ಗೆರೆಯ ಸುತ್ತ 2024ರ ಪಟ್ಟಿ ಸುಮಾರು 5 ಲಕ್ಷದಿಂದ 8 ಲಕ್ಷದವರೆಗೆ ಹಬ್ಬಿದೆ. ಯಾಕೆಂದರೆ ಈ ಸಾವುಗಳನ್ನು ಒಂದೊಂದಾಗಿ ಎಣಿಸಿರುವುದಿಲ್ಲ, ಲೆಕ್ಕದ ಮಾದರಿಯಿಂದ ಅಂದಾಜು ಮಾಡಿರುತ್ತಾರೆ. ಎಚ್‌ಐವಿ ಇದ್ದವರ ಸಾವಿಗೆ ದೊಡ್ಡ ಕಾರಣ ಟಿಬಿ. ಮನೆಯ ಮರ್ಯಾದೆಗೆ ಅಂಜಿ ಸಾವಿನ ಕಾಗದದಲ್ಲಿ ಟಿಬಿ ಅಂತಷ್ಟೇ ಬರೆಸಿಬಿಡುವುದುಂಟು. ಪ್ರತಿ ವರ್ಷ ಹೊಸ ಮಾಹಿತಿ ಸೇರಿದಾಗ ಹಳೆಯ ವರ್ಷಗಳ ಅಂದಾಜೂ ಬದಲಾಗುತ್ತದೆ. ಆದ್ದರಿಂದ ಹಳೆಯ ವರದಿಯ ಅಂಕಿಯನ್ನು ಹೊಸದರ ಪಕ್ಕ ಇಟ್ಟು ಹೋಲಿಸಬೇಡಿ. ಎಲ್ಲ ವರ್ಷಗಳ ಅಂಕಿಯನ್ನೂ ಇತ್ತೀಚಿನ ವರದಿಯಿಂದಲೇ ತೆಗೆದುಕೊಳ್ಳಿ.

ಕೊನೆಗೆ, ಇಳಿಯದೆ ಏರಿರುವ ಗೆರೆಯನ್ನು ಹುಡುಕಿ. ಪೂರ್ವ ಯುರೋಪ್ ಮತ್ತು ಮಧ್ಯ ಏಷ್ಯಾದಲ್ಲಿ 2010ಕ್ಕಿಂತ 2023ರಲ್ಲಿ ಸಾವು ಸುಮಾರು ಮೂರನೇ ಒಂದರಷ್ಟು ಹೆಚ್ಚಿದೆ. ಅಲ್ಲಿ ಚಿಕಿತ್ಸೆ ಸಿಗುತ್ತಿದ್ದುದು ಸೋಂಕಿತರಲ್ಲಿ ಅರ್ಧದಷ್ಟು ಜನರಿಗೆ. ಸಿರಿಂಜಿನಿಂದ ಮಾದಕ ವಸ್ತು ಚುಚ್ಚಿಕೊಳ್ಳುವವರು ಪೊಲೀಸರಿಗೆ ಹೆದರಿ ಆಸ್ಪತ್ರೆಯ ಕಡೆ ಬರುವುದಿಲ್ಲ. ಆಮೇಲೆ ಜಗತ್ತಿನ ಗ್ರಾಫಿಗೆ ಮರಳಿ, 2.5 ಲಕ್ಷದ ಎತ್ತರದಲ್ಲಿ ಒಂದು ಅಡ್ಡಗೆರೆ ಎಳೆಯಿರಿ. 2025ರೊಳಗೆ ವರ್ಷದ ಸಾವು ಅದಕ್ಕಿಂತ ಕೆಳಗಿಳಿಯಬೇಕೆಂಬುದು ಜಗತ್ತು ಹಾಕಿಕೊಂಡಿದ್ದ ಗುರಿ. 2024ರ ಚುಕ್ಕಿಗೂ ಆ ಗೆರೆಗೂ ನಡುವೆ ಸುಮಾರು 3.8 ಲಕ್ಷ ಜನ ಇದ್ದಾರೆ.